ಎಸ್ಟೇಟ್ ಮದುವೆಗೆ ಬೇಸ್ ನುಡಿಸಲು ಹೋಗುವವರೇ, ಮೊದಲು ಜನರೇಟರ್ ನೋಡಿ

ಚಿಕ್ಕಮಗಳೂರು, ಮೂಡಿಗೆರೆ, ಸಕಲೇಶಪುರ ಕಡೆ ತೋಟದ ಮದುವೆ, ಹೋಂಸ್ಟೇ ಪಾರ್ಟಿಗಳಿಗೆ ನುಡಿಸಲು ಹೋಗುವ ಬ್ಯಾಂಡಿನವರಿಗೆ ಒಂದು ಮಾತು. "ಜನರೇಟರ್ ಎಲ್ಲಾ ಇದೆ ಸಾರ್, ನೀವು ಬಂದು ಪ್ಲಗ್ ಹಾಕಿದ್ರೆ ಸಾಕು" ಅಂತ ಸೌಂಡ್‌ನವರು ಹೇಳಿದರೆ ನಂಬಿ ಪ್ಲಗ್ ಹಾಕಬೇಡಿ. ನಾನು ಹಾಸನದವನು, ಬೇಸ್ ಗಿಟಾರ್ ನುಡಿಸುತ್ತೇನೆ. ಕಳೆದ ಮದುವೆ ಸೀಸನ್‌ನಲ್ಲಿ ಆಲ್ದೂರು ಹತ್ತಿರದ ಒಂದು ತೋಟದಲ್ಲಿ ಮೊದಲು ನನ್ನ ತುಟಿಗೆ ಶಾಕ್ ಹೊಡೆಯಿತು, ಆಮೇಲೆ ಆಂಪ್ ಹೆಡ್ (ಬೇಸಿನ ಸದ್ದು ದೊಡ್ಡದು ಮಾಡುವ ಪೆಟ್ಟಿಗೆ) ಸುಟ್ಟಿತು. ಎರಡೂ ಒಂದೇ ರಾತ್ರಿ, ಒಂದೇ ವೈರಿಂಗ್‌ನಿಂದ.

ಯಾವ ಸೌಂಡ್ ಪಾರ್ಟಿ, ಯಾವ ತೋಟ ಅಂತ ಕೇಳಬೇಡಿ, ಹೇಳಲ್ಲ. ಹೆಸರು ಹೇಳಿದರೆ ಅವರೊಬ್ಬರನ್ನು ಬಿಟ್ಟು ಇನ್ನೊಬ್ಬರ ಹತ್ತಿರ ಹೋಗುತ್ತೀರಿ. ಅಲ್ಲೂ ಇದೇ ವೈರಿಂಗ್ ಇರುತ್ತೆ.

ಮೇ ತಿಂಗಳು. ಕಾಫಿ ಕೆಲಸ ಮುಗಿದು ಕಾಫಿ ಒಣಗಿಸುವ ಕಣ ಖಾಲಿ ಇರುವ ಕಾಲ, ಹಾಗಾಗಿ ಮದುವೆ ಹಿಂದಿನ ರಾತ್ರಿಯ ಕಾರ್ಯಕ್ರಮ ಕಣದಲ್ಲೇ. ಅಗಲವಾದ ಸಿಮೆಂಟ್ ನೆಲ, ಒಂದು ತುದಿಗೆ ಸ್ಟೇಜ್, ಇನ್ನೊಂದು ತುದಿಗೆ ಅಡುಗೆಯ ಶೆಡ್ಡು ಮತ್ತು ಊಟದ ಶಾಮಿಯಾನ. ಮಧ್ಯಾಹ್ನ ಗುಡುಗು ಮಳೆ ಬಂದು ಲೈನ್ ಕರೆಂಟ್ ಹೋಗಿತ್ತು. ನಾವು ತಲುಪುವಷ್ಟರಲ್ಲಿ ಬಾಡಿಗೆ ಜನರೇಟರ್ ಓಡುತ್ತಿತ್ತು. ಕಣ ಇನ್ನೂ ಒದ್ದೆ. ಸ್ಟೇಜಿನ ಕಾರ್ಪೆಟ್ ಹಿಂಡಿದರೆ ನೀರು ಬರುವ ಹಾಗಿತ್ತು.

ನನ್ನದು ನಾಲ್ಕು ತಂತಿಯ ಪ್ಯಾಸಿವ್ (ಒಳಗೆ ಬ್ಯಾಟರಿ ಇಲ್ಲದ) ಜಾಝ್ ಬೇಸ್. ಜೊತೆಗೆ ಟಿಫಿನ್ ಬಾಕ್ಸಿನಷ್ಟೇ ಇರುವ 500 ವ್ಯಾಟಿನ ಕ್ಲಾಸ್ ಡಿ ಅನ್ನುವ ಹಗುರ ಬಗೆಯ ಹೆಡ್, ಒಂದು 8 ಓಮ್ ಸ್ಪೀಕರ್ ಕ್ಯಾಬಿನೆಟ್. ಹೆಡ್ಡಿನ ಹಿಂದಿರುವ, ಸಿಗ್ನಲ್ ಹೊರಗೆ ಕೊಡುವ ಡಿಐ ಔಟಿನಿಂದ ಸೌಂಡ್‌ನವರ ಮಿಕ್ಸರಿಗೆ (ಎಲ್ಲ ವಾದ್ಯ, ಮೈಕಿನ ಸದ್ದು ಸೇರಿಸುವ ಯಂತ್ರ) ಒಂದು ಕೇಬಲ್. ಕ್ಯಾಬಿನೆಟ್ ನನಗೆ ಕೇಳಿಸಲಿಕ್ಕೆ, ಜನಕ್ಕೆ ಕೇಳುವುದು ಮಿಕ್ಸರಿನ ಕಡೆಯಿಂದ.

ಆನ್ ಮಾಡಿದ ಕೂಡಲೇ ಗುಂಯ್ ಅಂತ ಹಮ್. ಜಾಝ್ ಬೇಸಿನಲ್ಲಿ ಎರಡು ಸಿಂಗಲ್ ಕಾಯಿಲ್ ಪಿಕಪ್ (ತಂತಿಯ ಕಂಪನ ಹಿಡಿಯುವ ಸುರುಳಿ) ಇರುತ್ತವೆ. ಎರಡೂ ಪೂರ್ತಿ ತೆರೆದರೆ ಒಂದರ ಹಮ್ಮನ್ನು ಇನ್ನೊಂದು ನುಂಗುತ್ತೆ, ಒಂದನ್ನು ಇಳಿಸಿದರೆ ಹಮ್ ಬರುತ್ತೆ. ಅದು ಆ ಬೇಸಿನ ಹುಟ್ಟುಗುಣ, ನುಡಿಸುವವರಿಗೆಲ್ಲ ಗೊತ್ತು. ಎರಡೂ ತೆರೆದೆ, ಹೋಗಲಿಲ್ಲ. ಬೇಸಿನ ಕೇಬಲ್ಲೇ ಕಿತ್ತೆ, ಆಗಲೂ ಹೋಗಲಿಲ್ಲ. ಅಂದರೆ ತಪ್ಪು ಬೇಸಿನದಲ್ಲ. ಹೆಡ್ಡು ಒಂದು ಕಡೆಯ ಬೋರ್ಡಿನಲ್ಲಿ, ಮಿಕ್ಸರ್ ಇನ್ನೊಂದು ಕಡೆಯ ಬೋರ್ಡಿನಲ್ಲಿ, ನಡುವೆ ಡಿಐ ಕೇಬಲ್. ಎರಡರ ಅರ್ಥಿಂಗ್ ಎರಡು ದಾರಿಯಲ್ಲಿ ಸೇರಿ ಸುತ್ತು ಹಾಕಿದರೆ ಹಮ್ ಬರುತ್ತೆ, ಗ್ರೌಂಡ್ ಲೂಪ್ ಅಂದರೆ ಇದೇ.

ಈ ಹಮ್ ಬೇಸಿನವರಿಗೇ ಯಾಕೆ ಜಾಸ್ತಿ ಕಾಟ ಕೊಡುತ್ತೆ ಅಂದರೆ, ನಮ್ಮ ಕರೆಂಟ್ 50 ಹರ್ಟ್ಸ್ (ಸೆಕೆಂಡಿಗೆ 50 ಕಂಪನ), ಬೇಸಿನ ಇ ತಂತಿಯ ಮೂರನೇ ಫ್ರೆಟ್ಟಿನ (ಕತ್ತಿನ ಮೇಲಿನ ಪಟ್ಟಿ) ಜಿ ಸ್ವರ 49 ಹರ್ಟ್ಸ್. ಎರಡೂ ಒಟ್ಟಿಗೆ ಮೊಳಗಿದರೆ ಸ್ವರ ಸೆಕೆಂಡಿಗೊಂದು ಸಲ ಉಬ್ಬಿ ತಗ್ಗುತ್ತೆ. ನಮ್ಮ ಮೊದಲ ಹಾಡು ಜಿ ಸ್ಕೇಲಿನಲ್ಲೇ ಇತ್ತು! ಜನರೇಟರ್ ಆದರೆ ಇನ್ನೊಂದು ತಮಾಷೆ. ಇಂಥ ದೊಡ್ಡ ಡೀಸೆಲ್ ಜನರೇಟರ್ ಸಾಮಾನ್ಯವಾಗಿ ನಿಮಿಷಕ್ಕೆ 1500 ಸುತ್ತು ತಿರುಗಿದಾಗ 50 ಹರ್ಟ್ಸ್ ಕೊಡುತ್ತೆ. ಲೋಡ್ ಇಳಿದರೆ ಎಂಜಿನ್ ಸ್ವಲ್ಪ ಜೋರಾಗಿ 51, 52ಕ್ಕೆ ಏರುತ್ತೆ. 52 ಅಂದರೆ ಹೆಚ್ಚುಕಮ್ಮಿ ಜಿ ಶಾರ್ಪ್. ಶೆಡ್ಡಿನಲ್ಲಿ ಗ್ರೈಂಡರ್ ಹಾಕಿದಾಗ ನನ್ನ ಸ್ಪೀಕರಿನ ಹಮ್ ಕೆಳಗೆ ಜಾರುತ್ತಿತ್ತು, ಆರಿಸಿದಾಗ ಮೇಲೇರುತ್ತಿತ್ತು. ಹಮ್ ಹೀಗೆ ಓಲಾಡಿದರೆ ಅಡುಗೆಯವರೂ ನೀವೂ ಒಂದೇ ಜನರೇಟರ್ ಮೇಲೆ ಇದ್ದೀರಿ ಅಂತ ತಿಳಿಯಿರಿ.

ಸೌಂಡಿನ ಹುಡುಗನನ್ನು ಕರೆದೆ. ಅವನು ಬಂದು ನೋಡಿ, ಏನೂ ಮಾತಾಡದೆ ನನ್ನ ಹೆಡ್ಡಿನ ತ್ರೀ ಪಿನ್ ಪ್ಲಗ್ ಕಿತ್ತು ಒಂದು ಟೂ ಪಿನ್ ಅಡಾಪ್ಟರಿಗೆ ಸಿಕ್ಕಿಸಿ ಮತ್ತೆ ಬೋರ್ಡಿಗೆ ಹಾಕಿದ. ಡಿಐನ ಗ್ರೌಂಡ್ ಲಿಫ್ಟ್ ಬಟನ್ನೂ ಒತ್ತಿದ. ಹಮ್ ಮಾಯ. "ನೋಡಿ ಸಾರ್, ಕ್ಲೀನ್" ಅಂದ. ನಾನು "ತಮ್ಮಾ, ಅರ್ಥಿಂಗ್ ಪಿನ್ ತೆಗೆದ್ರೆ ಹೆಂಗಪ್ಪಾ" ಅಂದೆ. "ಏನಾಗಲ್ಲ ಸಾರ್, ಚಪ್ಪಲಿ ಹಾಕ್ಕೊಂಡು ನುಡಿಸಿ" ಅಂದು ಹೊರಟೇ ಹೋದ. ಅಷ್ಟರಲ್ಲಿ ಹೆಣ್ಣು ಗಂಡು ಸ್ಟೇಜ್ ಹತ್ತಿದ್ದರು, ಕಾರ್ಯಕ್ರಮ ಶುರು.

ಇಲ್ಲಿ ಒಂದು ವಿಷಯ ಬಿಡಿಸಿ ಹೇಳಬೇಕು. ಗ್ರೌಂಡ್ ಲಿಫ್ಟ್ ಬಟನ್ ಸಿಗ್ನಲ್ ಕೇಬಲಿನ ಗ್ರೌಂಡನ್ನು ಮಾತ್ರ ಬಿಡಿಸುತ್ತೆ. ಅದರಿಂದ ಅಪಾಯವಿಲ್ಲ, ಹಮ್ ಹೋಗಿಸಲು ಅದು ಸರಿಯಾದ ದಾರಿ. ಪ್ಲಗ್ಗಿನ ಉದ್ದ ಪಿನ್ ಬೇರೆ, ಅದು ನಮ್ಮ ಜೀವ ಉಳಿಸಲಿಕ್ಕೆ ಇರುವುದು. ಅದನ್ನು ತೆಗೆದರೆ ಹೆಡ್ಡಿನ ಲೋಹದ ಮೈ ಎಲ್ಲಿಗೂ ಸೇರದೆ ತೇಲುತ್ತೆ. ಈಗಿನ ಹೆಡ್ಡುಗಳೊಳಗಿನ ಪವರ್ ಸಪ್ಲೈಯಲ್ಲಿ ಫೇಸಿನಿಂದ ಮೈಗೆ, ನ್ಯೂಟ್ರಲಿನಿಂದ ಮೈಗೆ ಒಂದೊಂದು ಸಣ್ಣ ಕೆಪಾಸಿಟರ್ ಇರುತ್ತೆ. ಅರ್ಥಿಂಗ್ ಇಲ್ಲದಿದ್ದರೆ ಮೈಮೇಲೆ ಸುಮಾರು ಅರ್ಧ ವೋಲ್ಟೇಜ್, ಅಂದರೆ 115 ವೋಲ್ಟಿನಷ್ಟು ನಿಲ್ಲುತ್ತೆ. ಹರಿಯುವುದು ಬಹಳ ಸಣ್ಣ ಕರೆಂಟ್, ಕೈಗೆ ಜುಮ್ಮೆನ್ನುತ್ತೆ ಅಷ್ಟೇ. ಆದರೆ ಬೇಸಿನ ಬ್ರಿಡ್ಜ್‌ನಿಂದ ತಂತಿಗಳೆಲ್ಲ ಗ್ರೌಂಡಿಗೇ ಸೇರಿರುತ್ತವೆ. ನಾವು ತಂತಿ ಹಿಡಿದಿದ್ದೇವೆ ಅಂದರೆ ಹೆಡ್ಡಿನ ಮೈಯನ್ನೇ ಹಿಡಿದಿದ್ದೇವೆ.

ಕೋರಸ್ಸಿಗೆ ಮೈಕ್ ಹತ್ತಿರ ಬಾಗಿದೆ. ತುಟಿ ಮೈಕಿನ ಜಾಲರಿಗೆ ತಾಗಿದ್ದೇ ತಡ, ಚುರ್ ಅಂತ ಹಲ್ಲಿನವರೆಗೆ ಹೊಡೆಯಿತು. ತಲೆ ಹಿಂದಕ್ಕೆ ಎಗರಿತು. ಮೈಕ್ ಮಿಕ್ಸರಿನ ಗ್ರೌಂಡಿಗೆ ಸೇರಿದ್ದು, ಬೇಸ್ ತೇಲುತ್ತಿದ್ದ ಹೆಡ್ಡಿಗೆ ಸೇರಿದ್ದು, ನಡುವೆ ನಾನು. ಹಾಡಿನ ಉಳಿದ ಭಾಗ ಕೋರಸ್ ಇಲ್ಲದೆ ಹೋಯಿತು. ಕೇಳುವವರಿಗೆ ಗೊತ್ತೇ ಆಗಲಿಲ್ಲ. ಬೇಸಿಸ್ಟ್ ಹಾಡಿದನೋ ಬಿಟ್ಟನೋ ಅಂತ ಯಾರು ನೋಡುತ್ತಾರೆ ಬಿಡಿ.

ಇದನ್ನು ಸಣ್ಣ ಶಾಕ್ ಅಂತ ತಳ್ಳಿಹಾಕಬೇಡಿ. ಹೆಡ್ಡಿನೊಳಗೆ ಏನಾದರೂ ಕೆಟ್ಟು ಫೇಸ್ ನೇರವಾಗಿ ಮೈಗೆ ತಾಗಿದ್ದರೆ ಪೂರ್ತಿ ಕರೆಂಟ್ ಎದೆಯ ಮೂಲಕವೇ ಹೋಗುತ್ತಿತ್ತು, ಅದೂ ಒದ್ದೆ ಕಾರ್ಪೆಟ್ ಮೇಲೆ. 1972ರ ಮೇ ತಿಂಗಳಲ್ಲಿ ಬ್ರಿಟನ್ನಿನ ಸ್ವಾನ್ಸಿಯಲ್ಲಿ ಸ್ಟೋನ್ ದ ಕ್ರೋಸ್ ಬ್ಯಾಂಡಿನ ಗಿಟಾರಿಸ್ಟ್ ಲೆಸ್ ಹಾರ್ವಿ ಸತ್ತಿದ್ದು ಹೀಗೇ. ಸರಿಯಾಗಿ ಅರ್ಥ್ ಆಗಿರದ ಮೈಕ್ ಮುಟ್ಟಿ, ಸ್ಟೇಜಿನ ಮೇಲೆಯೇ. 1976ರಲ್ಲಿ ಯಾರ್ಡ್‌ಬರ್ಡ್ಸ್ ಬ್ಯಾಂಡಿನ ಹಾಡುಗಾರ ಕೀತ್ ರೆಲ್ಫ್ ಮನೆಯಲ್ಲಿ ಗಿಟಾರ್ ನುಡಿಸುವಾಗ ಕರೆಂಟ್ ಹೊಡೆದು ತೀರಿಕೊಂಡರು.

ಬ್ರೇಕಿನಲ್ಲಿ ಟಾರ್ಚ್ ಹಿಡಿದು ಜನರೇಟರ್ ಹತ್ತಿರ ಹೋದೆ. ಅರ್ಥಿಂಗ್ ಅಂತ ಕೊಟ್ಟಿದ್ದ ಹಸಿರು ವೈರನ್ನು ಸುರುಳಿ ಸುತ್ತಿ ಹಿಡಿಕೆಗೆ ಕಟ್ಟಿದ್ದರು. ಅದರ ತುದಿಯ ಇನ್ಸುಲೇಷನ್ ಕೂಡ ಸುಲಿದಿರಲಿಲ್ಲ. ನೆಲಕ್ಕೆ ರಾಡ್ ಹೊಡೆದ ಗುರುತೇ ಇಲ್ಲ. ಅಲ್ಲಿಂದ ಸ್ಟೇಜಿಗೂ ಶೆಡ್ಡಿಗೂ ಬರುವ ಕೇಬಲ್ ನಡುವೆ ಒಂದು ಜಾಯಿಂಟ್, ಮೇಲೆ ಕಪ್ಪು ಟೇಪು, ಆ ಟೇಪು ಅರ್ಧ ಬಿಟ್ಟುಕೊಂಡಿತ್ತು. ಸ್ಟೇಜ್ ಬೋರ್ಡಿಗೆ ವೈರ್ ಕೊಟ್ಟಿದ್ದು ಪ್ಲಗ್ಗಿನಿಂದಲ್ಲ, ತೂತಿಗೆ ಬರೀ ವೈರ್ ತುರುಕಿ ಬೆಂಕಿಕಡ್ಡಿ ಚುಚ್ಚಿದ್ದರು. ಜನರೇಟರಿನವರನ್ನು ಕರೆದು ತೋರಿಸಿದೆ. "ಇಷ್ಟು ವರ್ಷದಿಂದ ಹಿಂಗೇ ಮಾಡ್ತಿರೋದು ಅಣ್ಣ" ಅಂದರು.

ಎರಡನೇ ಸೆಟ್ಟಿನ ನಡುವೆ ಸ್ಟೇಜಿನ ಹ್ಯಾಲೊಜನ್‌ಗಳು ಇದ್ದಕ್ಕಿದ್ದಂತೆ ಬೆಳ್ಳಗೆ ಉರಿದವು, ಕಣ್ಣು ಬಿಡಲಾಗದಷ್ಟು. ಅದೇ ಹೊತ್ತಿಗೆ ಶೆಡ್ಡಿನ ಬಲ್ಬುಗಳು ಕೆಂಪಗೆ ಮಂಕಾದವು. ನನ್ನ ಹಿಂದೆ ಪಟ್ ಅಂತ ಸದ್ದು, ಸುಟ್ಟ ವಾಸನೆ. ಹೆಡ್ಡು ಸತ್ತಿತ್ತು. ಗಿಟಾರಿನವನ ಪೆಡಲ್ ಅಡಾಪ್ಟರೂ ಹೋಯಿತು.

ಆ ಟೇಪಿನ ಜಾಯಿಂಟಿನಲ್ಲಿ ನ್ಯೂಟ್ರಲ್ ಬಿಟ್ಟಿತ್ತು. ದೊಡ್ಡ ಜನರೇಟರಿನಿಂದ ಮೂರು ಫೇಸ್, ಒಂದು ನ್ಯೂಟ್ರಲ್ ಬರುತ್ತೆ. ಫೇಸಿಗೂ ನ್ಯೂಟ್ರಲಿಗೂ ನಡುವೆ 230 ವೋಲ್ಟ್. ಫೇಸಿಗೂ ಫೇಸಿಗೂ ನಡುವೆ 400ರ ಆಸುಪಾಸು. ನ್ಯೂಟ್ರಲ್ ಕಿತ್ತುಹೋದರೆ ಅಡುಗೆಯವರ ಫೇಸೂ ಸ್ಟೇಜಿನ ಫೇಸೂ ಸೇರಿ ಆ 400ನ್ನು ಹಂಚಿಕೊಳ್ಳಬೇಕಾಗುತ್ತೆ. ಲೋಡ್ ಜಾಸ್ತಿ ಇರುವ ಕಡೆ ವೋಲ್ಟೇಜ್ ಇಳಿಯುತ್ತೆ, ಕಡಿಮೆ ಇರುವ ಕಡೆ ಏರುತ್ತೆ. ಅಲ್ಲಿ ಗ್ರೈಂಡರ್, ಐಸ್‌ಕ್ರೀಂ ಫ್ರೀಜರ್, ನೀರು ಕಾಯಿಸುವ ಹೀಟರ್ ಎಲ್ಲ ಒಟ್ಟಿಗೆ ಓಡುತ್ತಿದ್ದವು. ಇಲ್ಲಿ ನಾವು ನಾಲ್ಕು ಜನ. ಏರಿದ್ದು ನಮ್ಮ ಕಡೆ.

"100ರಿಂದ 240 ವೋಲ್ಟ್ ಅಂತ ಹಿಂದೆ ಬರೆದಿದೆಯಲ್ಲ, ತಡೆಯುತ್ತೆ" ಅಂತ ಕೆಲವರು ಹೇಳುತ್ತಾರೆ. ಸ್ವಲ್ಪ ಹೆಚ್ಚುಕಮ್ಮಿ ತಡೆಯುತ್ತೆ. 230 ವೋಲ್ಟ್ ಅಂದರೆ, ಅಲೆಯ ಹಾಗೆ ಏರಿಳಿಯುವ ಆ ವೋಲ್ಟೇಜಿನ ತುತ್ತತುದಿ 325. ಹೆಡ್ಡಿನೊಳಗಿನ ದೊಡ್ಡ ಕೆಪಾಸಿಟರ್ ಮೇಲೆ 400 ವೋಲ್ಟ್ ಅಂತ ಇತ್ತು. ಒಳಗೆ ಬಂದದ್ದು 300 ದಾಟಿದರೆ ತುದಿ 420 ದಾಟುತ್ತೆ, ಆಮೇಲೆ ಅದು ಸಿಡಿಯದೆ ಏನು ಮಾಡುತ್ತೆ? ಬೆಂಗಳೂರಿನಲ್ಲಿ ಬಿಚ್ಚಿದಾಗ ಕೆಪಾಸಿಟರಿನ ತಲೆ ಉಬ್ಬಿ ಬಾಯಿ ಬಿಟ್ಟಿತ್ತು, ಫ್ಯೂಸಿನ ಗಾಜು ಒಳಗಡೆ ಕನ್ನಡಿಯ ಹಾಗೆ ಬೆಳ್ಳಿ ಬಳಿದುಕೊಂಡಿತ್ತು. ನಾನು ಹಾಕಿದ್ದ ಸ್ಪೈಕ್ ಬಸ್ಟರ್ ಕರಕಲಾಗಿತ್ತು. ಸ್ಪೈಕ್ ಬಸ್ಟರ್ ಕ್ಷಣಮಾತ್ರದ ಹೊಡೆತಕ್ಕೆ ಮಾತ್ರ. ನಿಂತು ಹೊಡೆಯುವ ವೋಲ್ಟೇಜಿಗೆ ಅದೇ ಮೊದಲು ಸಾಯುತ್ತೆ.

ಮಿಕ್ಸರ್ ಮಾತ್ರ ಚೆನ್ನಾಗಿತ್ತು. ಯಾಕೆ ಗೊತ್ತಾ? ಸೌಂಡ್‌ನವರು ತಮ್ಮ ಮಿಕ್ಸರನ್ನು ಯುಪಿಎಸ್ ಮೇಲೆ ಇಟ್ಟಿದ್ದರು. ತಮ್ಮ ಜನರೇಟರಿನ ಕರೆಂಟ್ ಎಂಥದ್ದು ಅಂತ ಅವರಿಗೆ ಗೊತ್ತಿತ್ತು, ನಮಗೆ ಹೇಳಲಿಲ್ಲ. ನನಗೆ ಸಿಟ್ಟು ಬಂದದ್ದು ಆಂಪ್ ಸುಟ್ಟಿದ್ದಕ್ಕಲ್ಲ, ಇದಕ್ಕೆ.

ಉಳಿದ ಹಾಡುಗಳಿಗೆ ಬೇಸನ್ನು ನೇರವಾಗಿ ಮಿಕ್ಸರಿನ ಲೈನ್ ಇನ್‌ಪುಟ್ಟಿಗೆ ಹಾಕಿದರು. ಪ್ಯಾಸಿವ್ ಬೇಸಿಗೆ ಮುಂದೆ ಸುಮಾರು 1 ಮೆಗಾಓಮ್ ತಡೆ (ಇಂಪಿಡೆನ್ಸ್) ಇರುವ ಇನ್‌ಪುಟ್ ಬೇಕು. ಲೈನ್ ಇನ್‌ಪುಟ್ಟಿನಲ್ಲಿ ಸಾಮಾನ್ಯವಾಗಿ ಅದರ ನೂರರಲ್ಲಿ ಒಂದೆರಡು ಭಾಗವಷ್ಟೇ ಇರುತ್ತೆ. ಸ್ವರದ ಮೊನೆಯೆಲ್ಲ ಹೋಗಿ ಕಂಬಳಿ ಹೊದಿಸಿದ ಸದ್ದು ಬಂತು. ಒಬ್ಬ ಹಿರಿಯರು ಬಂದು "ಕೀಬೋರ್ಡಲ್ಲೇ ಬೇಸ್ ಬರುತ್ತಲ್ಲ, ನೀವು ಊಟ ಮಾಡಿ ಹೋಗಿ" ಅಂದರು. ಕಡುಬು, ಕೋಳಿಸಾರು ಚೆನ್ನಾಗಿತ್ತು, ಅದರಲ್ಲಿ ದೂರಿಲ್ಲ.

ರಿಪೇರಿ ಖರ್ಚು ಕೇಳಿದಾಗ ಸೌಂಡ್‌ನವರು ಜನರೇಟರಿನವರ ಕಡೆ ಕೈ ತೋರಿಸಿದರು, ಜನರೇಟರಿನವರು ಲೈಟಿಂಗ್‌ನವರ ಕಡೆ, ಲೈಟಿಂಗ್‌ನವರು "ನಿಮ್ಮ ಆಂಪ್ ಹಳೇದು" ಅಂದರು. ಕಂಪನಿಯ ವಾರಂಟಿಯಲ್ಲಿ ವೋಲ್ಟೇಜ್ ಹೊಡೆತ ಸೇರುವುದಿಲ್ಲ. ಮದುವೆ ಮನೆಯವರ ಹತ್ತಿರ ಕೇಳಲು ಮನಸ್ಸು ಬರಲಿಲ್ಲ, ಅವರದೇನು ತಪ್ಪು? ರಿಪೇರಿ ದುಡ್ಡು ನನ್ನ ಜೇಬಿನದು. ಆ ರಾತ್ರಿ ಸಿಕ್ಕ ಸಂಭಾವನೆ ಅದರ ಕಾಲು ಭಾಗಕ್ಕೂ ಸಾಲಲಿಲ್ಲ.

ಈಗ ನಮ್ಮ ಬ್ಯಾಂಡಿನವರು ಅಡ್ವಾನ್ಸ್ ತೆಗೆದುಕೊಳ್ಳುವ ಮುಂಚೆ ವಾಟ್ಸಾಪಿನಲ್ಲಿ ಬರೆಸಿಕೊಳ್ಳುತ್ತೇವೆ: ಸ್ಟೇಜಿಗೆ ಬೇರೆ ಸಿಂಗಲ್ ಫೇಸ್ ಜನರೇಟರ್, ನೆಲಕ್ಕೆ ಅರ್ಥ್ ರಾಡ್, ಕರೆಂಟಿನಿಂದ ಸಾಮಾನು ಸುಟ್ಟರೆ ಸೌಂಡ್ ಪಾರ್ಟಿಯದೇ ಹೊಣೆ. ಬೇರೆ ಜನರೇಟರ್ ಆದರೆ ಅಡುಗೆಯವರ ಲೋಡ್ ಜೊತೆ ನಂಟೇ ಇರುವುದಿಲ್ಲ, ಇಡೀ ಕಥೆಯಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಇದೇ. ಹೋದ ಮೇಲೆ ಮಲ್ಟಿಮೀಟರ್ ಹಿಡಿಯುತ್ತೇವೆ. ಫೇಸ್ ನ್ಯೂಟ್ರಲ್ ನಡುವೆ 230ರ ಹತ್ತಿರ ಬರಬೇಕು, ಫೇಸ್ ಅರ್ಥ್ ನಡುವೆಯೂ ಅಷ್ಟೇ. ನ್ಯೂಟ್ರಲ್ ಅರ್ಥ್ ನಡುವೆ ಒಂದೆರಡು ವೋಲ್ಟ್ ಮೀರಬಾರದು. ಫೇಸ್ ಅರ್ಥ್ ನಡುವೆ 60, 90 ಅಂತ ಏನೇನೋ ಓಡಾಡಿದರೆ ಅರ್ಥಿಂಗ್ ಇಲ್ಲ ಅಂತಲೇ ಲೆಕ್ಕ. ಆ ಜನರೇಟರ್ ಮೇಲಿರುವ ಲೈಟು, ಸಾಮಾನು ಎಲ್ಲ ಹಾಕಿಸಿಯೇ ಅಳೆಯಿರಿ, ಖಾಲಿ ಜನರೇಟರ್ ಯಾವಾಗಲೂ ಸರಿಯಾಗೇ ತೋರಿಸುತ್ತೆ. ಮೀಟರ್ ಹಿಡಿದು ಅಭ್ಯಾಸ ಇಲ್ಲದವರು ಬೋರ್ಡಿಗೆ ಕೈ ಹಾಕಬೇಡಿ, ಎಲೆಕ್ಟ್ರಿಷಿಯನ್ ಕೈಲಿ ಮಾಡಿಸಿ.

ಕೊನೆಗೆ ಮೀಟರನ್ನು ಎಸಿ ವೋಲ್ಟಿಗೆ ಇಟ್ಟು ಒಂದು ಕಡ್ಡಿ ಬೇಸಿನ ತಂತಿಗೆ, ಇನ್ನೊಂದು ಮೈಕಿನ ಜಾಲರಿಗೆ. ಸೊನ್ನೆಯ ಹತ್ತಿರ ಇರಬೇಕು. ಹತ್ತಾರು ವೋಲ್ಟ್ ತೋರಿಸಿದರೆ ಅದು ಸರಿಯಾಗುವವರೆಗೂ ಯಾರೂ ಹಾಡುವುದಿಲ್ಲ.

ವೋಲ್ಟೇಜ್ ಮಿತಿ ಮೀರಿದರೆ ತಾನೇ ಕಟ್ ಮಾಡುವ ಸಣ್ಣ ಪ್ರೊಟೆಕ್ಟರ್ ಎಲೆಕ್ಟ್ರಿಕಲ್ ಅಂಗಡಿಗಳಲ್ಲಿ ಸಿಗುತ್ತೆ, ಎಂಸಿಬಿ ಥರ ಇರುತ್ತೆ, ಮುಂದೆ ಅಂಕಿ ತೋರಿಸುತ್ತೆ. ಅದನ್ನು ಒಂದು ಡಬ್ಬಿಯಲ್ಲಿ ಕೂರಿಸಿ ಎಕ್ಸ್‌ಟೆನ್ಷನ್ ಮಾಡಿಸಿಕೊಂಡಿದ್ದೇನೆ. ತೋಟಕ್ಕೆ ಹೋಗುವಾಗ ಹೆಡ್ಡು ಮನೆಯಲ್ಲೇ ಬಿಡುತ್ತೇನೆ. ಅದರ ಬದಲು, ಬೇಸನ್ನು ನೇರ ಮಿಕ್ಸರಿಗೆ ಕೊಡಲು 9 ವೋಲ್ಟ್ ಬ್ಯಾಟರಿಯ ಪ್ರಿಆಂಪ್ ಪೆಡಲ್, ಬೇಸಿಗೆ ವೈರ್‌ಲೆಸ್. ಬೇಸಿಗೂ ಸ್ಟೇಜಿನ ಕರೆಂಟಿಗೂ ನಡುವೆ ತಂತಿಯೇ ಇಲ್ಲದಿದ್ದರೆ ಬೇಸಿನ ಮೂಲಕ ಶಾಕಿಗೆ ದಾರಿಯೂ ಇಲ್ಲ. ಕ್ಯಾಬಿನೆಟ್ ಬೆನ್ನಿಗೆ ಕೊಡುತ್ತಿದ್ದ ಆ ಗುದ್ದು ಇಲ್ಲ ಅಂತ ಬೇಜಾರಿದೆ, ನಿಜ.

ಇಷ್ಟೆಲ್ಲ ಕೇಳಿದ್ದಕ್ಕೆ ಬೇಲೂರು ರಸ್ತೆಯ ಒಂದು ಹೋಂಸ್ಟೇ ಬುಕಿಂಗ್ ತಪ್ಪಿತು. ಸೌಂಡ್‌ನವರು "ಬೇರೆ ಬ್ಯಾಂಡ್‌ನೋರು ಯಾರೂ ಕೇಳಲ್ಲ" ಅಂದರಂತೆ. ಡಿಸೆಂಬರಿನಲ್ಲಿ ಮೂಡಿಗೆರೆ ಕಡೆ ಇನ್ನೊಂದು ಕಾರ್ಯಕ್ರಮ ಇದೆ. ಆ ಭಾಗದಲ್ಲಿ ಸ್ಟೇಜ್ ವೈರಿಂಗ್ ಸರಿಯಾಗಿ ಗೊತ್ತಿರುವ, ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಯಾರಾದರೂ ಇದ್ದರೆ ತಿಳಿಸಿ. ದುಡ್ಡು ಬ್ಯಾಂಡಿನಿಂದಲೇ ಕೊಡುತ್ತೇವೆ.