ಸಿಯಾಟಲ್ ಹಿತ್ತಲಿಗೆ ಯಾವ ಆನ್‌ಲೈನ್ ಕ್ಲಾಸ್? ಎಲ್ಲವನ್ನೂ ಮಾಡಿ ನೋಡಿದ ಮೇಲೆ

ಅಮೆರಿಕದ ವಾಷಿಂಗ್ಟನ್ ರಾಜ್ಯದ ಸಿಯಾಟಲ್ ಸುತ್ತಮುತ್ತ ಹಿತ್ತಲಿರುವ ಮನೆ ಸಿಕ್ಕ ಕನ್ನಡದವರು ಮೊದಲ ಬೇಸಿಗೆಯಲ್ಲೇ ಮೆಂತ್ಯ, ಟೊಮೆಟೊ, ಬದನೆ ಹಾಕುತ್ತಾರೆ. ಮುಂದಿನ ಚಳಿಗಾಲದಲ್ಲಿ ಆನ್‌ಲೈನ್ ಕ್ಲಾಸ್ ಹುಡುಕುತ್ತಾರೆ. ನಾನೂ ಹುಡುಕಿದೆ. ನಾಲ್ಕು ತರದ್ದು ಮಾಡಿದೆ. ಒಂದು, ಚಂದಾ ಕಟ್ಟಿ ನೋಡುವ, ಸಿನಿಮಾದ ಹಾಗೆ ತೆಗೆದ ವಿಡಿಯೋ ಕೋರ್ಸ್. ಇನ್ನೊಂದು, ಸರ್ಕಾರಿ ವಿಶ್ವವಿದ್ಯಾಲಯದ ವಿಸ್ತರಣಾ ವಿಭಾಗದ ಕೋರ್ಸ್. ಮತ್ತೊಂದು, ಇಂಗ್ಲೆಂಡಿನ ತರಕಾರಿ ತೋಟಗಾರ ಚಾರ್ಲ್ಸ್ ಡೌಡಿಂಗ್ ಅವರ ಪಾಠಗಳು. ಕೊನೆಯದು, ನಮ್ಮ ಕೌಂಟಿಯಲ್ಲೇ (ನಮ್ಮ ಕಡೆಯ ಜಿಲ್ಲೆ ಇದ್ದ ಹಾಗೆ) ತೋಟ ಮಾಡುವ ಟೀಚರ್ ಒಬ್ಬರು ಜೂಮ್‌ನಲ್ಲಿ ನಡೆಸುವ ಲೈವ್ ಕ್ಲಾಸ್. ಇದರ ಜೊತೆ ಬೆಂಗಳೂರಿನ ತಾರಸಿ ತೋಟದ ಕನ್ನಡ ವಿಡಿಯೋಗಳನ್ನು ನೋಡೋದು ಹೇಗೂ ಇದ್ದೇ ಇತ್ತು.

ನನ್ನ ತೀರ್ಪು ಮೊದಲೇ ಹೇಳಿಬಿಡುತ್ತೇನೆ. ಟೀಚರ್ ಎಷ್ಟು ಹೆಸರುವಾಸಿ, ವಿಡಿಯೋ ಎಷ್ಟು ಚಂದ ಅನ್ನೋದು ಆಮೇಲಿನ ಮಾತು. ಅವರ ತೋಟ ಎಲ್ಲಿದೆ ಅಂತ ಮೊದಲು ನೋಡಿ. ಅಲ್ಲಿ ಬೇಸಿಗೆಯ ರಾತ್ರಿ ಎಷ್ಟು ತಂಪು, ಜುಲೈನಲ್ಲಿ ಮಳೆ ಬರುತ್ತದಾ, ಜೂನ್‌ನಲ್ಲಿ ಹಗಲು ಎಷ್ಟು ಗಂಟೆ? ಈ ಮೂರು ನಮ್ಮೂರಿಗೆ ಹೊಂದಿದರೆ ಸಾಧಾರಣ ಕ್ಲಾಸ್ ಕೂಡ ಉಪಯೋಗಕ್ಕೆ ಬರುತ್ತದೆ. ಹೊಂದದಿದ್ದರೆ ಎಷ್ಟು ಒಳ್ಳೆಯ ಕ್ಲಾಸಾದರೂ ತಪ್ಪು ತಿಂಗಳಲ್ಲಿ ಬೀಜ ಹಾಕಿಸುತ್ತದೆ.

ಈ ಊರಿನ ಹವಾಮಾನ ಗೊತ್ತಿಲ್ಲದವರಿಗೆ ಎರಡು ಮಾತು. ಸಿಯಾಟಲ್‌ಗೂ ಬೆಂಗಳೂರಿಗೂ ವರ್ಷದ ಮಳೆ ಹೆಚ್ಚು ಕಡಿಮೆ ಒಂದೇ, 1000 ಮಿಲಿಮೀಟರ್ ಆಸುಪಾಸು. ಆದರೆ ಕಾಲ ಪೂರ್ತಿ ತಿರುಗುಮುರುಗು. ಇಲ್ಲಿ ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ ಜಿಟಿಜಿಟಿ, ಗಿಡ ಬೆಳೆಯುವ ಜುಲೈ, ಆಗಸ್ಟ್‌ನಲ್ಲಿ ಒಣ ಒಣ. ಜೂನ್‌ನಲ್ಲಿ ಹಗಲು 16 ಗಂಟೆ, ಡಿಸೆಂಬರ್‌ನಲ್ಲಿ ಎಂಟೂವರೆ. ನಡು ಬೇಸಿಗೆಯಲ್ಲೂ ರಾತ್ರಿ 13, 14 ಡಿಗ್ರಿಗೆ ಇಳಿಯುತ್ತದೆ. ಟೊಮೆಟೊ ಹೂವು ಕಾಯಿ ಕಟ್ಟೋದಕ್ಕೆ ಅದೇ ಕೊನೆಯ ಗೆರೆ. ಅದಕ್ಕಿಂತ ತಂಪಾದರೆ ಹೂವು ಉದುರುತ್ತದೆ.

ಮೊದಲು ಮಾಡಿದ್ದು ಚಂದಾ ಕಟ್ಟುವ ಕೋರ್ಸ್. ಹೆಸರು ಬೇಡ. ಅಮೆರಿಕದ ದಕ್ಷಿಣದ ಒಂದು ರಾಜ್ಯದಲ್ಲಿ ಚಿತ್ರೀಕರಣ ಮಾಡಿದ್ದರು. ನೋಡೋಕೆ ಎರಡು ಕಣ್ಣು ಸಾಲದು. ಬೆಳಗಿನ ಬಿಸಿಲು, ಮರದ ಮಡಿಗಳು, ಕೈತುಂಬಾ ಟೊಮೆಟೊ. ಸಸಿಯನ್ನು ಬೇರು ಅಲುಗದ ಹಾಗೆ ಟ್ರೇಯಿಂದ ತೆಗೆಯೋದು, ಟೊಮೆಟೊದ ಕಂಕುಳ ಚಿಗುರು ಚಿವುಟೋದು, ಹನಿ ನೀರಾವರಿಯ ಪೈಪ್ ಜೋಡಿಸೋದು, ಇಂಥ ಕೈಕೆಲಸವನ್ನು ಇದಕ್ಕಿಂತ ಚೆನ್ನಾಗಿ ಯಾರೂ ತೋರಿಸಲಿಲ್ಲ. ಅಷ್ಟು ಹತ್ತಿರದಿಂದ ಕ್ಯಾಮೆರಾ ಹಿಡಿದಿದ್ದರು.

ತೊಂದರೆ ಶುರುವಾಗಿದ್ದು ಕ್ಯಾಲೆಂಡರ್ ವಿಷಯದಲ್ಲಿ. ‘ಝೋನ್ 8ರವರಿಗೆ’ ಅಂತ ಒಂದು ಪಟ್ಟಿ ಕೊಟ್ಟಿದ್ದರು. ನಮ್ಮದೂ ಝೋನ್ 8 ತಾನೇ ಅಂತ ಇಲ್ಲಿನ ಬಹಳ ಜನ ಅಂದುಕೊಳ್ಳುತ್ತಾರೆ. ಆದರೆ ಅಮೆರಿಕದ ಕೃಷಿ ಇಲಾಖೆಯ ಝೋನ್ ಹೇಳೋದು ಒಂದೇ ಸಂಗತಿ: ಚಳಿಗಾಲದ ಅತಿ ಕಡಿಮೆ ತಾಪಮಾನ ಸರಾಸರಿ ಎಷ್ಟು ಅಂತ. ಝೋನ್ 8 ಅಂದರೆ ಸುಮಾರು ಮೈನಸ್ 12ರಿಂದ ಮೈನಸ್ 7 ಡಿಗ್ರಿ. ಬೇಸಿಗೆ ಹೇಗಿರುತ್ತದೆ ಅಂತ ಅದರಲ್ಲಿ ಏನೂ ಇಲ್ಲ. ಹಾಗಾಗಿ ಜಾರ್ಜಿಯಾದ ಸೆಖೆಯ ಊರುಗಳೂ ಸಿಯಾಟಲ್ ಸುತ್ತಲಿನ ತಂಪು ಊರುಗಳೂ ಇಲಾಖೆಯ ನಕ್ಷೆಯಲ್ಲಿ ಒಂದೇ ಬಣ್ಣದಲ್ಲಿ ಕೂತಿರುತ್ತವೆ. ಆ ಕೋರ್ಸಿನ ಒಂದು ಇಡೀ ಪಾಠ ಟೊಮೆಟೊಗೆ ನೆರಳು ಬಲೆ ಕಟ್ಟೋದು ಹೇಗೆ ಅಂತ. ನಮ್ಮಲ್ಲಿ ಟೊಮೆಟೊಗೆ ಎಲ್ಲಿ ಬಿಸಿಲು ಸಿಗುತ್ತದೆ ಅಂತ ಬೇಲಿಯಿಂದ ಬೇಲಿಗೆ ಹುಡುಕುವ ಸ್ಥಿತಿ!

ಈರುಳ್ಳಿ ಪಾಠ ಇನ್ನೂ ದೂರ. ದಕ್ಷಿಣದಲ್ಲಿ ಬೆಳೆಯೋದು ಚಿಕ್ಕ ಹಗಲಿನ ತಳಿಗಳು. ಹಗಲು ಹನ್ನೊಂದು ಹನ್ನೆರಡು ಗಂಟೆ ಆದ ಕೂಡಲೇ ಅವು ಗಡ್ಡೆ ಕಟ್ಟೋಕೆ ಶುರು ಮಾಡುತ್ತವೆ. ಅದನ್ನು ಇಲ್ಲಿ ವಸಂತದಲ್ಲಿ ಹಾಕಿದರೆ ಎಲೆ ಬೆಳೆಯುವ ಮೊದಲೇ ಗಡ್ಡೆ ಕಟ್ಟಿ, ಗೋಲಿ ಗಾತ್ರಕ್ಕೆ ನಿಂತುಬಿಡುತ್ತದೆ. ಇಲ್ಲಿಗೆ ಬೇಕಿರೋದು ಉದ್ದ ಹಗಲಿನ ತಳಿ. ಇದೇ ರಾಜ್ಯದ ವಾಲಾ ವಾಲಾ ಈರುಳ್ಳಿ ಅದಕ್ಕೆ ಒಳ್ಳೆಯ ಉದಾಹರಣೆ. ಚಳಿಗಾಲದ ಸೊಪ್ಪನ್ನು ಸೆಪ್ಟೆಂಬರ್ ಕೊನೆಗೆ ಬಿತ್ತಿ ಅಂತಲೂ ಕೋರ್ಸ್ ಹೇಳುತ್ತದೆ. ಇಲ್ಲಿ ನವೆಂಬರ್ ಬಂದರೆ ಹಗಲು 10 ಗಂಟೆಗಿಂತ ಕಡಿಮೆ, ಗಿಡಗಳ ಬೆಳವಣಿಗೆ ನಿಂತೇ ಹೋಗುತ್ತದೆ. ಕೇಲ್, ಬ್ರೊಕೋಲಿ ಜುಲೈನಲ್ಲೇ ಬಿತ್ತಬೇಕು. ಚಂದಾ ಬೇರೆ ತಾನಾಗೇ ನವೀಕರಣ ಆಗುತ್ತದೆ, ರದ್ದು ಮಾಡುವ ಗುಂಡಿಯನ್ನು ಎಲ್ಲಿ ಅಡಗಿಸಿಟ್ಟಿದ್ದಾರೋ.

ವಿಸ್ತರಣಾ ವಿಭಾಗದ ಕೋರ್ಸ್ ಇದಕ್ಕೆ ಪೂರ್ತಿ ವಿರುದ್ಧ. ವಿಸ್ತರಣೆ ಅಂದರೆ ನಮ್ಮ ಕೃಷಿ ವಿಶ್ವವಿದ್ಯಾಲಯದವರು ರೈತರಿಗೆ ಮಾಹಿತಿ ಮುಟ್ಟಿಸುತ್ತಾರಲ್ಲ, ಅದೇ ಕೆಲಸ. ಅಮೆರಿಕದಲ್ಲಿ 1914ರ ಕಾನೂನಿನಿಂದ ಇದು ದೇಶದ ತುಂಬಾ ನೆಲೆಯಾಯಿತು. ಮನೆತೋಟದವರ ಪ್ರಶ್ನೆಗಳು ಜಾಸ್ತಿಯಾಗಿ ಸಿಬ್ಬಂದಿ ಸಾಲದೆ ಬಂದಾಗ, ವಾಷಿಂಗ್ಟನ್ ಸ್ಟೇಟ್ ಯೂನಿವರ್ಸಿಟಿ 1970ರ ದಶಕದ ಆರಂಭದಲ್ಲಿ ಸ್ವಯಂಸೇವಕರಿಗೆ ತರಬೇತಿ ಕೊಟ್ಟು ಉತ್ತರ ಹೇಳಿಸುವ ಯೋಜನೆ ಶುರು ಮಾಡಿತು. ‘ಮಾಸ್ಟರ್ ಗಾರ್ಡನರ್’ ಅನ್ನೋದು ಹುಟ್ಟಿದ್ದು ಹಾಗೆ, ಅದೂ ಸಿಯಾಟಲ್ ಇರುವ ಕಿಂಗ್ ಕೌಂಟಿ ಮತ್ತು ಪಕ್ಕದ ಪಿಯರ್ಸ್ ಕೌಂಟಿಯಲ್ಲಿ. ಈಗ ಅಮೆರಿಕದ ಉದ್ದಗಲಕ್ಕೂ ಇದೆ.

ಕೋರ್ಸ್ ಮಾತ್ರ ಒಣ. ಓದೋದೇ ಜಾಸ್ತಿ. ಪ್ರತಿ ಭಾಗದ ಕೊನೆಗೆ ಪುಟ್ಟ ಪರೀಕ್ಷೆ. ಗಿಡಗಳಿಗೆಲ್ಲ ಲ್ಯಾಟಿನ್ ಹೆಸರು. ಮಕ್ಕಳನ್ನು ಮಲಗಿಸಿದ ಮೇಲೆ ಓದೋಕೆ ಕೂತರೆ ನಮಗೇ ನಿದ್ದೆ ಬರುವ ಅಪಾಯ ಇದೆ. ಆದರೆ ‘ಯಾಕೆ’ ಅನ್ನೋದನ್ನು ಹೇಳಿಕೊಟ್ಟಿದ್ದು ಇದೊಂದೇ. ಇಲ್ಲಿನ ಮಣ್ಣು ಹುಳಿ ಯಾಕೆ? ಚಳಿಗಾಲದ ಮಳೆ ಕ್ಯಾಲ್ಸಿಯಂ ತೊಳೆದುಕೊಂಡು ಹೋಗುತ್ತದೆ, ಅದಕ್ಕೇ ಸುಣ್ಣ ಹಾಕುತ್ತಾರೆ. ಹಾಗಂತ ಸುಮ್ನೆ ಸುರಿಯೋ ಹಾಗಿಲ್ಲ, ಮೊದಲು ಮಣ್ಣು ಪರೀಕ್ಷೆ ಮಾಡಿಸಬೇಕು. ತಂಪು ಬೇಸಿಗೆಗೆ ಯಾವ ಟೊಮೆಟೊ? ಒರೆಗಾನ್ ಸ್ಟೇಟ್ ಯೂನಿವರ್ಸಿಟಿ ಇದಕ್ಕಾಗಿಯೇ ಒರೆಗಾನ್ ಸ್ಪ್ರಿಂಗ್, ಸಿಲೆಟ್ಜ್, ಲೆಜೆಂಡ್ ಅಂತ ತಳಿಗಳನ್ನು ಮಾಡಿದೆ. ತಂಪಿನಲ್ಲಿ ಪರಾಗಸ್ಪರ್ಶ ಸರಿಯಾಗಿ ಆಗದಿದ್ದರೂ ಅವು ಕಾಯಿ ಕಟ್ಟುತ್ತವೆ. ಹುರುಳಿಕಾಯಿ ಬೀಜವನ್ನು ದಿನಾಂಕ ನೋಡಿ ಹಾಕಬೇಡಿ, ಮಣ್ಣು 15, 16 ಡಿಗ್ರಿ ಬಿಸಿಯಾದ ಮೇಲೆ ಹಾಕಿ ಅಂತ ಹೇಳಿದ್ದೂ ಇವರೇ. ಅಡುಗೆಮನೆಯ ಥರ್ಮಾಮೀಟರ್ ಮಣ್ಣಿಗೆ ಚುಚ್ಚಿ ನೋಡಿದರೆ ಸಾಕು. ಮನೆಯವರು ಗೊಣಗುತ್ತಾರೆ, ಇರಲಿ.

ಡೌಡಿಂಗ್ ಅವರದು ಬೇರೆಯೇ ದಾರಿ. ಇಂಗ್ಲೆಂಡಿನ ಸಾಮರ್ಸೆಟ್‌ನಲ್ಲಿ ಹೋಮೇಕರ್ಸ್ ಅನ್ನೋ ಜಾಗದಲ್ಲಿ ಅವರ ತೋಟ. ಮಣ್ಣು ಅಗೆಯೋದೇ ಬೇಡ, ಹುಲ್ಲಿನ ಮೇಲೆ ರಟ್ಟು ಹಾಸಿ, ಅದರ ಮೇಲೆ ಕಾಂಪೋಸ್ಟ್ ಹಾಕಿ ನೆಡಿ ಅಂತಾರೆ. ಅಗೆದ ಮಡಿ, ಅಗೆಯದ ಮಡಿ ಎರಡನ್ನೂ ಅಕ್ಕಪಕ್ಕ ಇಟ್ಟು, ಒಂದೇ ಬೆಳೆ ಹಾಕಿ, ಫಸಲು ತೂಗಿ ತೋರಿಸುತ್ತಾರೆ. ಆ ಒಂದು ಕಾರಣಕ್ಕೆ ನನಗೆ ಅವರ ಮೇಲೆ ನಂಬಿಕೆ ಬಂತು. ದುಡ್ಡಿನ ಕೋರ್ಸ್‌ಗಳೂ ಇವೆ, ಯೂಟ್ಯೂಬ್‌ನಲ್ಲಿ ಉಚಿತ ವಿಡಿಯೋಗಳೂ ರಾಶಿ ರಾಶಿ. ಮನೆತೋಟಕ್ಕೆ ಉಚಿತದ್ದೇ ಸಾಕು ಅನ್ನೋದು ನನ್ನ ಲೆಕ್ಕ.

ಅಟ್ಲಾಂಟಿಕ್ ಆಚೆಯ ತೋಟದ ಕ್ಯಾಲೆಂಡರ್ ಅಮೆರಿಕದ್ದೇ ದಕ್ಷಿಣದ ಕೋರ್ಸಿಗಿಂತ ಚೆನ್ನಾಗಿ ಹೊಂದುತ್ತದೆ. ಸಾಮರ್ಸೆಟ್ ಇರೋದು 51 ಡಿಗ್ರಿ ಉತ್ತರದಲ್ಲಿ, ನಾವು 47ರಲ್ಲಿ. ಅಲ್ಲೂ ಉದ್ದ ಹಗಲು, ತಂಪು ರಾತ್ರಿ, ಮೆದು ಚಳಿಗಾಲ. ಫೆಬ್ರವರಿಯಲ್ಲಿ ಈರುಳ್ಳಿಯನ್ನು ಟ್ರೇಯ ಒಂದೊಂದು ಗುಂಡಿಯಲ್ಲಿ ಹಲವು ಬೀಜ ಹಾಕಿ, ಗುಂಪಾಗೇ ನೆಡುವ ಅವರ ಕ್ರಮ ಇಲ್ಲಿಗೂ ಸರಿ. ಬೀಟ್‌ರೂಟ್‌ಗೂ ಅದೇ. ನವಿಲುಕೋಸು ಅಂತೂ ಈ ಹವಾಮಾನಕ್ಕೆ ಹೇಳಿ ಮಾಡಿಸಿದ ಬೆಳೆ. ಒಂದೇ ಒಂದು ಕಡೆ ಎಚ್ಚರ ಬೇಕು, ಅದು ನೀರು. ಅಲ್ಲಿ ಬೇಸಿಗೆಯಲ್ಲೂ ಮಳೆ ಬರುತ್ತದೆ. ಇಲ್ಲಿ ಜುಲೈನಲ್ಲಿ ಹೋಸ್ ಪೈಪ್ ಬಿಟ್ಟರೆ ಗತಿಯಿಲ್ಲ. ರಟ್ಟಿನ ಕೆಳಗೆ ಸ್ಲಗ್‌ಗಳು (ಚಿಪ್ಪಿಲ್ಲದ ಬಸವನಹುಳುಗಳು) ಸಂಸಾರ ಹೂಡುತ್ತವೆ ಅನ್ನೋ ದೂರೂ ಇಲ್ಲಿನವರದ್ದು. ಕಬ್ಬಿಣದ ಫಾಸ್ಫೇಟ್ ಇರುವ ಗುಳಿಗೆ ಉದುರಿಸಿದರೆ ತಕ್ಕಮಟ್ಟಿಗೆ ಹಿಡಿತಕ್ಕೆ ಬರುತ್ತವೆ.

ಲೈವ್ ಕ್ಲಾಸ್ ಬೆಲೆಯಲ್ಲಿ ಎಲ್ಲಕ್ಕಿಂತ ಜಾಸ್ತಿ. ಸಂಜೆ ಅಡುಗೆ ಹೊತ್ತಿಗೇ ಇಡುತ್ತಾರೆ. ರೆಕಾರ್ಡಿಂಗ್ ಕೆಲವೇ ದಿನ ಇದ್ದು ಮಾಯ. ಜೊತೆಯವರಲ್ಲಿ ಒಬ್ಬರು ಯಾವಾಗಲೂ ಮ್ಯೂಟ್ ಮಾಡೋದು ಮರೆತು ನಾಯಿ ಬೊಗಳಿಸುತ್ತಿದ್ದರು. ಇಷ್ಟೆಲ್ಲ ಇದ್ದರೂ ಒಂದನ್ನೇ ಆರಿಸು ಅಂದರೆ ನಾನು ಇದನ್ನೇ ಆರಿಸುತ್ತೇನೆ. ಎಲೆ ಕಿತ್ತು ಕ್ಯಾಮೆರಾಗೆ ಹಿಡಿದರೆ ಟೀಚರ್ ನೋಡಿ, ‘ಹಿಂಭಾಗ ತೋರಿಸಿ, ನೀರು ಯಾವ ಹೊತ್ತಲ್ಲಿ ಹಾಕ್ತೀರಾ, ಬೇಲಿ ಯಾವ ದಿಕ್ಕಿಗಿದೆ’ ಅಂತ ಕೇಳುತ್ತಾರೆ. ಜೊತೆಗೆ ಅವರು ‘ಈ ವಾರ’ ಅಂತ ಮಾತಾಡುತ್ತಾರೆ. ‘ಈ ವಾರ ಟೊಮೆಟೊ ಹೊರಗೆ ಇಡಬೇಡಿ, ಬೇಕಾದರೆ ನನ್ನ ಸಸಿ ನೋಡಿ, ಇನ್ನೂ ಗ್ಯಾರೇಜಿನಲ್ಲೇ ಇದೆ.’ ಮೇ ಎರಡನೇ ಭಾನುವಾರ, ತಾಯಂದಿರ ದಿನ, ಟೊಮೆಟೊ ನೆಡುವ ದಿನ ಅಂತ ಇಲ್ಲಿ ರೂಢಿ. ಆದರೆ ಕೆಲವು ವರ್ಷ ಆಗಲೂ ರಾತ್ರಿ ತುಂಬಾ ತಂಪು. ರೆಕಾರ್ಡ್ ಮಾಡಿಟ್ಟ ಯಾವ ವಿಡಿಯೋ ಅದನ್ನು ಹೇಳುತ್ತದೆ?

ಎಲ್ಲವನ್ನೂ ಒಂದೇ ಪ್ರಶ್ನೆಯಿಂದ ಪರೀಕ್ಷೆ ಮಾಡಿದೆ. ‘ಅವರೆ ಬಳ್ಳಿ ಬೇಲಿ ತುಂಬಾ ಹಬ್ಬುತ್ತದೆ, ಅಕ್ಟೋಬರ್‌ವರೆಗೂ ಹೂವೇ ಬಿಡಲ್ಲ, ಆಮೇಲೆ ಚಳಿಗೆ ಸಾಯುತ್ತದೆ. ಯಾಕೆ?’

ಚಂದಾ ಕೋರ್ಸಿನ ಸಹಾಯ ವಿಭಾಗದಿಂದ ಬಂದ ಉತ್ತರ: ಬಿಸಿಲು ಜಾಸ್ತಿ ಕೊಡಿ, ರಂಜಕದ ಗೊಬ್ಬರ ಹಾಕಿ. ಯಾವ ಗಿಡಕ್ಕಾದರೂ ಹೇಳಬಹುದಾದ ಮಾತು. ಡೌಡಿಂಗ್ ಅವರ ವಿಡಿಯೋದಲ್ಲಿ ಅವರೆ ನನ್ನ ಕಣ್ಣಿಗೆ ಬೀಳಲಿಲ್ಲ, ಕೇಳುವ ದಾರಿಯೂ ಇರಲಿಲ್ಲ. ಲೈವ್ ಕ್ಲಾಸಿನ ಟೀಚರ್ ಅವರೆಯನ್ನು ತರಕಾರಿಯಾಗಿ ಕಂಡವರೇ ಅಲ್ಲ, ನೇರಳೆ ಹೂವಿನ ಅಲಂಕಾರದ ಬಳ್ಳಿಯಾಗಿ ಮಾತ್ರ ಗೊತ್ತು. ಆದರೂ ‘ನಿಮ್ಮೂರಲ್ಲಿ ಇದು ಯಾವ ತಿಂಗಳು ಕಾಯಿ ಬಿಡುತ್ತದೆ’ ಅಂತ ಕೇಳಿದರು. ಡಿಸೆಂಬರ್, ಜನವರಿ ಅಂದೆ. ಆ ಹೊತ್ತಿಗೆ ತಾನೇ ಬೆಂಗಳೂರಿನಲ್ಲಿ ಅವರೆಬೇಳೆ ಮೇಳ ನಡೆಯೋದು. ‘ಹಾಗಾದರೆ ಇದು ಹಗಲು ಚಿಕ್ಕದಾಗೋದನ್ನು ಕಾಯುತ್ತಿದೆ’ ಅಂದರು. ವಿಸ್ತರಣಾ ವಿಭಾಗಕ್ಕೆ ಬರೆದು ಕೇಳಿದ್ದಕ್ಕೆ ಉತ್ತರ ನಿಧಾನವಾಗಿ ಬಂತು, ಆದರೆ ಪೂರ್ತಿ ಬಂತು: ಹಳೆಯ ಅವರೆ ತಳಿಗಳು ಹಗಲು ಕುಗ್ಗಿದ ಮೇಲೆಯೇ ಹೂ ಬಿಡುವಂಥವು, ಇಲ್ಲಿ ಹಗಲು ಕುಗ್ಗುವಷ್ಟರಲ್ಲಿ ಚಳಿ ಬಂದಿರುತ್ತದೆ, ಹಗಲಿನ ಉದ್ದ ನೋಡದ ತಳಿ ಹುಡುಕಿ ಅಂತ.

ಆ ತಳಿ ಯಾವುದು ಅಂತ ಹೇಳಿದ್ದು ಕನ್ನಡದ ತಾರಸಿ ತೋಟದ ವಿಡಿಯೋ ಕೆಳಗಿನ ಒಂದು ಸಾಲಿನ ಉತ್ತರ. ‘ಹೆಬ್ಬಾಳ ಅವರೆ ಹಾಕಿ ಮೇಡಂ, ವರ್ಷಪೂರ್ತಿ ಬರುತ್ತೆ.’ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಹೆಬ್ಬಾಳ ಅವರೆ 3, 4 ಇಂಥ ತಳಿಗಳೇ. ಬಳ್ಳಿ ಹಬ್ಬಲ್ಲ, ಗಿಡ್ಡಗೆ ಪೊದೆಯಾಗಿ ನಿಲ್ಲುತ್ತವೆ, ಹಗಲಿನ ಉದ್ದಕ್ಕೆ ತಲೆ ಕೆಡಿಸಿಕೊಳ್ಳಲ್ಲ. ಒಳಗೆ ಸಸಿ ಮಾಡಿ, ಜೂನ್‌ನಲ್ಲಿ ದಕ್ಷಿಣದ ಗೋಡೆಗೆ ಒತ್ತಿ ನೆಟ್ಟರೆ ಇಲ್ಲೂ ಕಾಯಿ ಬಿಡುತ್ತದೆ. ರಾಶಿಯೇನಲ್ಲ, ಒಂದು ಹುಳಿಗೆ ಆಗುವಷ್ಟು. ಹಾಗಂತ ಊರಿಂದ ಬೀಜವನ್ನು ಸೂಟ್‌ಕೇಸಿಗೆ ಹಾಕಿಕೊಂಡು ಬರಬೇಡಿ. ಅಮೆರಿಕಕ್ಕೆ ಬಿತ್ತನೆ ಬೀಜ ತರಬೇಕಾದರೆ ಫೈಟೋಸ್ಯಾನಿಟರಿ ಪ್ರಮಾಣಪತ್ರ (ರೋಗ, ಕೀಟ ಇಲ್ಲ ಅನ್ನೋ ಸರ್ಕಾರಿ ಪತ್ರ), ಇಲ್ಲವೇ ಸಣ್ಣ ಪ್ರಮಾಣದ ಬೀಜಕ್ಕೆ ಕೊಡುವ ಪರ್ಮಿಟ್ ಮುಂಚೆಯೇ ಮಾಡಿಸಿಕೊಂಡಿರಬೇಕು.

ಕನ್ನಡ ವಿಡಿಯೋಗಳ ಉಳಿದ ಸಲಹೆ ಇಲ್ಲಿಗೆ ಅರ್ಧಂಬರ್ಧ. ತೆಂಗಿನ ನಾರಿನ ಪುಡಿಯಲ್ಲಿ ಸಸಿ ಮಾಡೋದು ಸರಿ. ಜೀವಾಮೃತಕ್ಕೆ ಸಗಣಿ, ಗಂಜಲ ಎಲ್ಲಿಂದ ತರೋದು? ಕೊತ್ತಂಬರಿಯನ್ನು ಯಾವಾಗ ಬೇಕಾದರೂ ಬಿತ್ತಿ ಅನ್ನೋ ಮಾತು ಇಲ್ಲಿ ನಡೆಯಲ್ಲ. ಜೂನ್‌ನ ಉದ್ದ ಹಗಲಿಗೆ ಅದು ನಾಲ್ಕು ಎಲೆ ಬಿಟ್ಟು ಹೂವಿಗೆ ಹೋಗುತ್ತದೆ. ಏಪ್ರಿಲ್‌ನಲ್ಲಿ ಒಮ್ಮೆ, ಮತ್ತೆ ಆಗಸ್ಟ್‌ನಲ್ಲಿ ಸ್ವಲ್ಪ ಸ್ವಲ್ಪವಾಗಿ ಬಿತ್ತೋದು ಒಳ್ಳೆಯದು. ಮೆಂತ್ಯಕ್ಕೆ ಈ ಕಾಟ ಕಡಿಮೆ, ಹೂ ಬರುವ ಮೊದಲೇ ಕಿತ್ತುಬಿಡುತ್ತೇವೆ ಅಲ್ವಾ.

ಯಾರಿಗೆ ಯಾವುದು? ಮಣ್ಣೇ ಮುಟ್ಟದವರು ಡೌಡಿಂಗ್ ಅವರ ಉಚಿತ ವಿಡಿಯೋಗಳಿಂದ ಶುರು ಮಾಡಿ, ಒಂದೇ ಒಂದು ಮಡಿ ಹಾಕಿ. ಒಂದು ಬೇಸಿಗೆ ಕಳೆದು ತಲೆ ತುಂಬಾ ಪ್ರಶ್ನೆ ಇರುವವರು ಲೈವ್ ಕ್ಲಾಸಿಗೆ ದುಡ್ಡು ಹಾಕಿ. ಅದಕ್ಕಿಂತ ಮೊದಲು ಸೇರಿದರೆ ಏನು ಕೇಳಬೇಕು ಅಂತಲೇ ಗೊತ್ತಿರಲ್ಲ. ಓದುವ ತಾಳ್ಮೆ ಇದ್ದವರಿಗೆ ವಿಸ್ತರಣಾ ವಿಭಾಗದ ಕೋರ್ಸ್ ಚಳಿಗಾಲದ ಸಂಜೆಗಳಿಗೆ ಸರಿಹೋಗುತ್ತದೆ. ಕೋರ್ಸ್ ಬೇಡ ಅಂದರೂ ಅವರ ಪ್ರಶ್ನೋತ್ತರ ಸೇವೆ ಬಿಡಬೇಡಿ. ಚಂದಾ ಕಟ್ಟುವ ಕೋರ್ಸನ್ನು ಒಂದು ತಿಂಗಳಿಗೆ ಮಾತ್ರ ತಗೊಂಡು, ಕೈಕೆಲಸದ ಪಾಠಗಳನ್ನು ನೋಡಿ ಮುಗಿಸಿ. ಕ್ಯಾಲೆಂಡರ್ ಪಾಠ ಬಂದಾಗ ಮುಂದಕ್ಕೆ ಓಡಿಸಿ.

ಬೋಸ್ಟನ್, ಶಿಕಾಗೊ ಕಡೆಯವರಿಗೆ ಈ ಲೆಕ್ಕ ಬೇರೆಯಾಗುತ್ತದೆ. ಅಲ್ಲಿ ಬೇಸಿಗೆ ರಾತ್ರಿ ಬೆಚ್ಚಗಿರುತ್ತದೆ, ಮಳೆಯೂ ಬರುತ್ತದೆ, ಚಳಿ ಮಾತ್ರ ಕಡು. ನಿಮ್ಮ ರಾಜ್ಯದ ವಿಸ್ತರಣಾ ವಿಭಾಗದಿಂದಲೇ ಶುರು ಮಾಡಿ. ಲೈವ್ ಕ್ಲಾಸ್ ಬೇಕಾದವರು ಜನವರಿಯಲ್ಲೇ ಹೆಸರು ಕೊಡಿ. ನಾನು ಸೇರಿದ್ದರಲ್ಲಿ ಫೆಬ್ರವರಿ ಹೊತ್ತಿಗೆ ಜಾಗ ಉಳಿದಿರುತ್ತಿರಲಿಲ್ಲ.