ರೆಬುಷಿಯಾ, ಜಿಮ್ನೊ, ಫ್ರೈಲಿಯಾ: ಬೀಜದಿಂದ ಮೊದಲು ಹೂ ಬಿಟ್ಟಿದ್ದು ಯಾವುದು?

ದಕ್ಷಿಣ ಅಮೆರಿಕದ ಕ್ಯಾಕ್ಟಸ್ ಬೀಜ ತರಿಸಿದ್ದೇನೆ ಅಂದಾಗ ಅಮ್ಮ ನಕ್ಕಿದ್ದರು. "ನರ್ಸರಿಯಲ್ಲಿ ಗಿಡಾನೇ ಸಿಗತ್ತಲ್ಲೋ, ಯಾಕೆ ಈ ಒದ್ದಾಟ?" ಸಿಗುತ್ತೆ, ನಿಜ. ಆದರೆ ನಮ್ಮ ಕಡೆ ಜಾಸ್ತಿ ಸಿಗೋದು ಹಸಿರು ಕಳ್ಳಿಯ ತಲೆ ಮೇಲೆ ಕೆಂಪು ಉಂಡೆ ಕೂರಿಸಿದ ಕಸಿ ಗಿಡ. ಆ ಉಂಡೆಯ ಮೂಲವೂ ದಕ್ಷಿಣ ಅಮೆರಿಕವೇ, ಪರಾಗ್ವೆ ಕಡೆಯ ಒಂದು ಜಿಮ್ನೊಕ್ಯಾಲಿಸಿಯಂ (ಚಿಕ್ಕದಾಗಿ ಜಿಮ್ನೊ) ಜಾತಿಯ ಕಳ್ಳಿ. ಮೈಯಲ್ಲಿ ಹಸಿರೇ ಇಲ್ಲದ್ದರಿಂದ ಅದು ತನ್ನ ಊಟ ತಾನು ಮಾಡಿಕೊಳ್ಳಲಾರದು. ಕೆಳಗಿನ ಗಿಡ ಹೋದರೆ ಮೇಲಿನದೂ ಹೋಯಿತು. ನನ್ನ ಎರಡು ಗಿಡ ಹಾಗೇ ಕೊಳೆತವು. ಬೀಜದ ಹುಚ್ಚು ಹತ್ತಿದ್ದು ಆಮೇಲೆ.

2019ರ ಫೆಬ್ರವರಿಯಲ್ಲಿ ಬೆಂಗಳೂರಿನ ನಮ್ಮ ತಾರಸಿ ಮೇಲೆ ನಾಲ್ಕು ಜಾತಿ ಬಿತ್ತಿದೆ: ಅರ್ಜೆಂಟೀನಾದ ರೆಬುಷಿಯಾ ಮಿನುಸ್ಕುಲಾ, ಅಲ್ಲಿನದೇ ಜಿಮ್ನೊಕ್ಯಾಲಿಸಿಯಂ ಬಾಲ್ಡಿಯಾನಂ, ಉರುಗ್ವೆ ಮತ್ತು ದಕ್ಷಿಣ ಬ್ರೆಜಿಲ್‌ನ ಫ್ರೈಲಿಯಾ ಕ್ಯಾಸ್ಟೇನಿಯಾ, ಚಿಲಿಯ ಕೊಪಿಯಾಪೋವಾ ಸಿನೇರಿಯಾ. ಒಂದೊಂದರದ್ದೂ 40 ಬೀಜ. 20 ಬೀಜ ಜಿಪ್ ಕವರ್ ಒಳಗೆ, 20 ತೆರೆದ ಟ್ರೇಯಲ್ಲಿ.

ಈ ಕವರ್–ಟ್ರೇ ಪಂದ್ಯ ಬೇಗ ಮುಗಿಯಿತು. ಎರಡಕ್ಕೂ ಒಂದೇ ಮಿಶ್ರಣ: ಜರಡಿ ಹಿಡಿದ ಇಟ್ಟಿಗೆ ಚೂರು, ಸಿಂಡರ್ (ಸುಟ್ಟ ಕಲ್ಲಿದ್ದಲಿನ ಚೂರು), ಸ್ವಲ್ಪ ಕೋಕೋಪೀಟ್ (ತೆಂಗಿನ ನಾರಿನ ಪುಡಿ). ಅದನ್ನು ಹಳೇ ಕುಕ್ಕರಿನಲ್ಲಿ ಅರ್ಧ ಗಂಟೆ ಬೇಯಿಸಿದೆ. (ಆ ಕುಕ್ಕರ್ ಮತ್ತೆ ಅಡುಗೆಮನೆ ಸೇರಲಿಲ್ಲ, ಅಮ್ಮನ ಆಜ್ಞೆ.) ಬೀಜಕ್ಕೆ ಬೆಳಕು ಬೇಕು, ಮೇಲೆ ಮಣ್ಣು ಮುಚ್ಚಬಾರದು. ಸುಮ್ನೆ ಉದುರಿಸಿದರೆ ಸಾಕು. ಟ್ರೇಗೆ ದಿನಕ್ಕೆ ಮೂರು ಸಲ ನೀರು ಚಿಮುಕಿಸಿದರೂ ಮಧ್ಯಾಹ್ನಕ್ಕೆ ಒಣಗುತ್ತಿತ್ತು. ಜಾಸ್ತಿ ಹಾಕಿದರೆ ಪಾಚಿ. ಮೂರನೇ ವಾರಕ್ಕೆ ಸಣ್ಣ ಕಪ್ಪು ನೊಣಗಳು ಬಂದು ಮೊಟ್ಟೆಯಿಟ್ಟವು, ಅವುಗಳ ಹುಳು ಸಸಿಗಳ ಬುಡ ತಿಂದವು. ಕವರಿನಲ್ಲಿ ಒಂದು ಕಡೆ ಬೂಷ್ಟು ಬಂತು, ಅಷ್ಟೇ. ಮೂರು ತಿಂಗಳು ಅದಕ್ಕೆ ನೀರೂ ಹಾಕಲಿಲ್ಲ. ಅಲ್ಲಿಂದ ಮುಂದೆ ನಾನು ತೆರೆದ ಟ್ರೇಯಲ್ಲಿ ಬಿತ್ತಿಲ್ಲ. ಈ ಕೆಳಗಿನ ಲೆಕ್ಕವೆಲ್ಲ ಕವರಿನ ಸಸಿಗಳದ್ದೇ.

ಮೊಳೆಯುವುದರಲ್ಲಿ ರೆಬುಷಿಯಾ ಮುಂದು: ಆರನೇ ದಿನಕ್ಕೇ ಹಸಿರು ಚುಕ್ಕೆಗಳು, 20ರಲ್ಲಿ 17. ಹೊಸಬರು ಇದರಿಂದಲೇ ಶುರು ಮಾಡಿ ಅಂತ ಎಲ್ಲರೂ ಹೇಳುತ್ತಾರೆ. ಎರಡು ವರ್ಷಕ್ಕೆ ನೆಲ್ಲಿಕಾಯಿ ಗಾತ್ರಕ್ಕೂ ಬಂತು. ಹೂ ಮಾತ್ರ ಇಲ್ಲ. ನವೆಂಬರಿನಿಂದ ಫೆಬ್ರವರಿವರೆಗೆ ನೀರು ನಿಲ್ಲಿಸಿದೆ, ಆದರೂ ಇಲ್ಲ. ಮೂರನೇ ವರ್ಷ ಒಂದೇ ಗಿಡದಲ್ಲಿ ಎರಡು ಹೂ. ಬೇಸಿಗೆಯಲ್ಲಿ ಕೆಂಪು ನುಸಿ ಬೇರೆ ಬಿದ್ದು ಮೈಯೆಲ್ಲ ತುಕ್ಕು ಹಿಡಿದ ಹಾಗಾಯಿತು.

ಕಾರಣ ಗೊತ್ತಾಗಿದ್ದು ಊಟಿಯ ಅಕ್ಕನ ಮನೆಗೆ ಹೋದಾಗ. ಅದೇ ಕವರಿನ ಎರಡು ಸಸಿ ಅವಳಿಗೆ ಕೊಟ್ಟಿದ್ದೆ. ಆರೈಕೆ ಅಂತ ಏನೂ ಮಾಡಿರಲಿಲ್ಲ, ಗಾಜಿನ ಕಿಟಕಿಯ ಹೊರಗೆ ಸೂರಿನಡಿ ಇಟ್ಟು ಮರೆತಿದ್ದಳು. ಗಿಡದ ಬುಡದಲ್ಲಿ, ಮಣ್ಣಿಗೆ ತಾಗಿಕೊಂಡೇ, ಸುತ್ತ ಬಳೆಯ ಹಾಗೆ ಕೆಂಪು ಹೂಗಳು. ಒಂದರಲ್ಲಿ 11 ಎಣಿಸಿದೆ. ರೆಬುಷಿಯಾ ಆಂಡಿಸ್ ಬೆಟ್ಟದ ಗಿಡ, ಸಾಲ್ಟಾ, ಹುಹುಯ್ ಪ್ರಾಂತ್ಯಗಳ ಕಡೆಯದು. ಚಳಿಗಾಲ ಪೂರ್ತಿ ಒಣಗಿ, ಚೆನ್ನಾಗಿ ನಡುಗಿದರೆ ಮೊಗ್ಗು ಕಟ್ಟುತ್ತದೆ. ನಮ್ಮ ಜನವರಿ ರಾತ್ರಿ 15 ಡಿಗ್ರಿಯ ಆಸುಪಾಸು. ಅದಕ್ಕೆ ಇದು ಚಳಿಯೇ ಅಲ್ಲ! ಹೊಸಬರಿಗೆ ರೆಬುಷಿಯಾ ಅನ್ನೋ ಸಲಹೆ ಚಳಿ ದೇಶದವರದ್ದು, ಬೆಂಗಳೂರಿನವರು ಅದನ್ನು ಹಾಗೇ ನಂಬಬೇಡಿ.

ಫ್ರೈಲಿಯಾ ಕಥೆಯೇ ಬೇರೆ. ಹುಣಸೆ ಬೀಜದ ಬಣ್ಣದ, ಚಪ್ಪಟೆಯಾದ ಪುಟ್ಟ ಗಿಡ. ಬೀಜ ಟೋಪಿಯ ಆಕಾರದ್ದು, ಬೇಗ ಹಳತಾಗುತ್ತದೆ. ನನಗೆ ಬಂದದ್ದು ಹಳೇದೇ ಇರಬೇಕು, 20ರಲ್ಲಿ ಐದು ಮೊಳೆತವು. ಆದರೆ 17ನೇ ತಿಂಗಳಿಗೇ ಮೊಗ್ಗು! ಗಿಡ ಇನ್ನೂ ಎಂಟಾಣೆ ನಾಣ್ಯದಷ್ಟಿತ್ತು. ರಜೆ ಹಾಕಿ ಕಾದು ಕೂತೆ. ಬಿರಿಯಲಿಲ್ಲ. ನಾಲ್ಕು ದಿನ ಬಿಟ್ಟು ನೋಡಿದರೆ ಮೊಗ್ಗು ಒಣಗಿದೆ, ಒಳಗೆ ಕಾಯಿ ಬಲಿಯುತ್ತಿದೆ. ಹೂ ಅರಳದೆಯೇ ಒಳಗೊಳಗೇ ಪರಾಗಸ್ಪರ್ಶ ಮುಗಿಸಿ ಬೀಜ ಕಟ್ಟಿಬಿಡುತ್ತದೆ ಇದು. ಮದುವೆಗೆ ಕರೆಯದೆ ನಾಮಕರಣಕ್ಕೆ ಕರೆದ ಹಾಗೆ. ಅರಳಿದ ಹೂ ನಾನು ನೋಡಿದ್ದು ಒಂದೇ ಸಲ, ಏಪ್ರಿಲ್‌ನ ಸುಡು ಬಿಸಿಲಲ್ಲಿ, ಮಧ್ಯಾಹ್ನ ಒಂದು ಗಂಟೆಗೆ. ತಿಳಿ ಹಳದಿ, ಗಿಡಕ್ಕಿಂತ ಅಗಲ. ಕಾಫಿ ಕುಡಿದು ಬರುವಷ್ಟರಲ್ಲಿ ಮುಚ್ಚಿಕೊಳ್ಳುತ್ತಿತ್ತು. ಆಯಸ್ಸೂ ಕಮ್ಮಿ. ಐದರಲ್ಲಿ ಈಗ ಒಂದೇ ಉಳಿದಿದೆ, ಉಳಿದವು ಕಾರಣ ಹೇಳದೆ ಹೋದವು.

ಕೊಪಿಯಾಪೋವಾ ಬಗ್ಗೆ ಹೇಳೋಕೆ ಏನೂ ಇಲ್ಲ. ಅಟಕಾಮಾ ಮರುಭೂಮಿಯ ಕರಾವಳಿಯಲ್ಲಿ ಸಮುದ್ರದ ಮಂಜು ಕುಡಿದು ಬದುಕುವ, ಬೂದಿ ಬಳಿದ ಸನ್ಯಾಸಿಯಂಥ ಗಿಡ. ನನ್ನವು ಐದು ವರ್ಷಕ್ಕೆ ಅಡಿಕೆ ಗಾತ್ರ, ಬಣ್ಣ ಇನ್ನೂ ಹಸಿರು. ಹೂವಿನ ಮಾತು ಈಗಲೇ ಬೇಡ.

ಜಿಮ್ನೊ ಬಗ್ಗೆ ನನಗೆ ಪಕ್ಷಪಾತ ಇದೆ, ಮೊದಲೇ ಹೇಳಿಬಿಡುತ್ತೇನೆ. 20ರಲ್ಲಿ 15 ಮೊಳೆತವು. ಮೊದಲ ವರ್ಷ ಬಟಾಣಿ, ಎರಡನೇ ವರ್ಷ ನಿಂಬೆಕಾಯಿ. ತನ್ನ ಊರಾದ ಅರ್ಜೆಂಟೀನಾದ ಕಟಮಾರ್ಕಾ ಪ್ರಾಂತ್ಯದಲ್ಲಿ ಹುಲ್ಲು, ಪೊದೆಗಳ ನೆರಳಲ್ಲಿ ಬೆಳೆಯುವ ಗಿಡವಾದ್ದರಿಂದ ಉರಿ ಬಿಸಿಲು ಆಗೋದಿಲ್ಲ. ಶೇಡ್ ನೆಟ್ ಹೊರಗಿಟ್ಟ ಎರಡಕ್ಕೆ ಏಪ್ರಿಲ್‌ನಲ್ಲಿ ಮೈ ಸುಟ್ಟು ಹಳದಿ ಕಲೆ ಬಿತ್ತು. ನೆಟ್ ಕೆಳಗಿನವು ಗುಂಡಗಿದ್ದವು. ಮೂರನೇ ವರ್ಷದ ಮಾರ್ಚ್‌ನಲ್ಲಿ ಒಂದರ ನೆತ್ತಿ ಹತ್ತಿರ ಮೊಗ್ಗು ಕಂಡಿತು. ಬೆರಳಿನಿಂದ ಮುಟ್ಟಿ ನೋಡಿ: ಕೂದಲಿಲ್ಲ, ಮುಳ್ಳಿಲ್ಲ. ಒಂದರ ಮೇಲೊಂದು ಹೊದಿಸಿದ ಹೆಂಚಿನ ಹಾಗೆ ನುಣ್ಣಗಿನ ಸಿಪ್ಪೆಗಳು. ಗ್ರೀಕ್ ಭಾಷೆಯಲ್ಲಿ ಜಿಮ್ನೊ ಅಂದರೆ ಬತ್ತಲೆ, ಹೆಸರು ಬಂದಿದ್ದೇ ಈ ಮೊಗ್ಗಿನಿಂದ. ಹನ್ನೆರಡು ದಿನ ಬಿಟ್ಟು ಅರಳಿತು, ಗಾಢ ಕೆಂಪು. ಸಂಜೆ ಮುಚ್ಚಿ, ಮರುದಿನ ಮಧ್ಯಾಹ್ನ ಮತ್ತೆ ತೆರೆದು, ಐದು ದಿನ ಇತ್ತು. ಆ ಬೇಸಿಗೆ ಒಂಬತ್ತು ಗಿಡ ಹೂ ಬಿಟ್ಟವು. ಬೆಂಗಳೂರು, ಮೈಸೂರಿನವರು ಒಂದೇ ಜಾತಿ ಬಿತ್ತುವುದಾದರೆ ಇದನ್ನೇ ಬಿತ್ತಿ.

ಒಂದು ತೊಡಕಿದೆ. ಇದಕ್ಕೆ ಸ್ವಂತ ಪರಾಗ ಹಿಡಿಯೋದಿಲ್ಲ, ಬೀಜ ಬೇಕಾದರೆ ಎರಡು ಬೇರೆ ಗಿಡ ಒಟ್ಟಿಗೆ ಅರಳಬೇಕು. ನಾನು ಮಗಳ ಪೇಂಟಿಂಗ್ ಬ್ರಷ್ ಹಿಡಿದು ಒಂದರಿಂದ ಇನ್ನೊಂದಕ್ಕೆ ಪರಾಗ ದಾಟಿಸಿದೆ. ಕಾಯಿ ಬಲಿತು ಉದ್ದಕ್ಕೆ ಸೀಳಿದ ದಿನ ನಾನು ಊರಲ್ಲಿರಲಿಲ್ಲ. ಬಂದು ನೋಡಿದರೆ ಕಾಯಿ ಖಾಲಿ, ಇರುವೆ ಸಾಲು ಕಪ್ಪು ಬೀಜ ಹೊತ್ತು ಕರಿಬೇವಿನ ಕುಂಡದ ಕಡೆ ಹೊರಟಿತ್ತು. ಹೋದರೆ ಹೋಗಲಿ ಅಂದುಕೊಂಡೆ. ಮಳೆಗಾಲ ಕಳೆದ ಮೇಲೆ ಒಗ್ಗರಣೆಗೆ ಸೊಪ್ಪು ಕೀಳಲು ಹೋದ ಅಮ್ಮ ಕೂಗಿದರು: "ಬಾರೋ ಇಲ್ಲಿ, ನಿನ್ನ ಮುಳ್ಳಿನ ಸಂಸಾರ ನನ್ನ ಕುಂಡಕ್ಕೂ ಬಂದಿದೆ." ಮೂರು ಸಸಿ ಇದ್ದವು. ಕುಕ್ಕರ್ ಇಲ್ಲ, ಕವರ್ ಇಲ್ಲ.