ಸಿಲ್ವರ್‌ಟೋನ್ 1448: ಆರು ವರ್ಷದ ಬಳಕೆ, ಮತ್ತು ಆ ಗುಂಯ್ ಸದ್ದು

ಮೊದಲೇ ಹೇಳಿಬಿಡುತ್ತೇನೆ. ಈ ಗಿಟಾರ್ ಗುಂಯ್ ಅನ್ನುತ್ತದೆ. ನುಡಿಸಿದಾಗ ಅಲ್ಲ, ನುಡಿಸದೇ ಇದ್ದಾಗ. ಆರು ವರ್ಷದಲ್ಲಿ ಆ ಸದ್ದಿನ ಹಿಂದೆ ಬಿದ್ದಷ್ಟು ನಾನು ಗಿಟಾರ್ ಕಾರ್ಡ್‌ಗಳ (ಒಟ್ಟಿಗೆ ಮೀಟುವ ಸ್ವರಗಳ) ಹಿಂದೆಯೂ ಬಿದ್ದಿಲ್ಲ.

ಕೊಂಡದ್ದು ನ್ಯೂಜೆರ್ಸಿಯ ಎಡಿಸನ್‌ನಲ್ಲಿ, ಯಾರದೋ ಮನೆ ಖಾಲಿ ಮಾಡುವಾಗ ನಡೆದ ಮಾರಾಟದಲ್ಲಿ. ಪೆಟ್ಟಿಗೆ ಸಮೇತ 420 ಡಾಲರ್. ಪೆಟ್ಟಿಗೆ ಸಮೇತ ಅನ್ನುವುದೇ ಮುಖ್ಯ, ಯಾಕೆಂದರೆ ಆ ಪೆಟ್ಟಿಗೆಯೇ ಆಂಪ್, ಅಂದರೆ ಗಿಟಾರಿನ ಸದ್ದು ದೊಡ್ಡದು ಮಾಡುವ ಆಂಪ್ಲಿಫೈಯರ್. ಮುಚ್ಚಳದ ಒಳಗೆ ಸಣ್ಣ ಸ್ಪೀಕರ್, ಒಂದಿಷ್ಟು ವಾಲ್ವ್, ಹಳೆ ರೇಡಿಯೋದಲ್ಲಿ ಇರುತ್ತಿದ್ದ ಗಾಜಿನ ಕೊಳವೆಗಳು. 1962ರಲ್ಲಿ ಸಿಯರ್ಸ್ ಅನ್ನುವ ಅಮೆರಿಕದ ದೊಡ್ಡ ಅಂಗಡಿ ಕಂಪನಿ ಇದನ್ನು 67.95 ಡಾಲರಿಗೆ ಮಾರುತ್ತಿತ್ತು. ಹೈಸ್ಕೂಲ್ ಹುಡುಗರಿಗೆ ಅಂತಲೇ ಮಾಡಿದ್ದು. ಬೇರೆ ಆಂಪ್ ಬೇಡ, ಬೇರೆ ಕೇಸ್ ಬೇಡ. ಗೋಡೆಯ ಸಾಕೆಟ್ಟಿಗೆ ಚುಚ್ಚು, ಬಾರಿಸು.

ಸಿಲ್ವರ್‌ಟೋನ್ ಅನ್ನುವುದು ಸಿಯರ್ಸ್ ಇಟ್ಟ ಹೆಸರು, ಮಾಡಿದ್ದು ಡಾನ್‌ಎಲೆಕ್ಟ್ರೋ. ನೇಥನ್ ಡೇನಿಯಲ್ ಅವರ ಕಂಪನಿ. ಕಾರ್ಖಾನೆ ಇದ್ದ ನೆಪ್ಚೂನ್ ನಮ್ಮ ಮನೆಯಿಂದ ಕಾರಿನಲ್ಲಿ ಮುಕ್ಕಾಲು ಗಂಟೆ. ಆಸ್ಬರಿ ಪಾರ್ಕ್ ಸಮುದ್ರ ತೀರಕ್ಕೆ ಹೋಗುವಾಗಲೆಲ್ಲ ಆ ಊರು ದಾಟುತ್ತೇವೆ. 1966ರಲ್ಲಿ ಎಂಸಿಎ ಅನ್ನುವ ಮನರಂಜನಾ ಕಂಪನಿ ಅದನ್ನು ಕೊಂಡಿತು, 1969ರಲ್ಲಿ ಬಾಗಿಲು ಹಾಕಿತು. ಅಂದರೆ ನನ್ನ ಗಿಟಾರ್ ಅರವತ್ತು ವರ್ಷದಲ್ಲಿ ಮೂವತ್ತು ಮೈಲಿ ದಾಟಿತ್ತೋ ಇಲ್ಲವೋ. ನಾನು ಹಾಸನದಿಂದ ಬಂದವಳು.

ಮರ ಹೇಗಿದೆ ಅಂತ ಕೇಳುವವರಿಗೆ ಉತ್ತರ: ಮುಂದೆ ಹಿಂದೆ ಹಾರ್ಡ್‌ಬೋರ್ಡ್. ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಕ್ಲಿಪ್ ಹಾಕಿ ಒಯ್ಯುತ್ತಿದ್ದೆವಲ್ಲ, ಆ ಪ್ಯಾಡ್. ಅದೇ ವಸ್ತು. ಒಳಗೆ ಮರದ ಚೌಕಟ್ಟು, ಮಿಕ್ಕದ್ದು ಟೊಳ್ಳು. ತಂತಿಯ ಕಂಪನವನ್ನು ಕರೆಂಟಾಗಿ ಬದಲಿಸುವ ಪಿಕಪ್ ಕೂತಿರುವುದು ನಿಜವಾದ ಲಿಪ್‌ಸ್ಟಿಕ್ ಕೊಳವೆಯಲ್ಲಿ. ಡೇನಿಯಲ್ ಲಿಪ್‌ಸ್ಟಿಕ್ ಕೊಳವೆಗಳನ್ನೇ ತರಿಸಿ ಒಳಗೆ ಆಯಸ್ಕಾಂತ, ತಂತಿ ತುಂಬಿಸಿದರು. ಬ್ರಿಜ್ ಮೇಲೆ ತಂತಿ ಕೂರುವುದು ಒಂದೇ ಒಂದು ಮರದ ತುಂಡಿನ ಮೇಲೆ, ಹಾಗಾಗಿ ಮೇಲಿನ ಫ್ರೆಟ್‌ಗಳಲ್ಲಿ ಸ್ವರ ಸ್ವಲ್ಪ ಓರೆ. ನಾನು ಮೇಲೆ ಹೋಗುವುದೇ ಕಡಿಮೆ. ತಂತಿ ಬಿಗಿಸುವ ಕಿವಿಗಳು ಬಿಗಿ ಇದ್ದವು, ಹೊಲಿಗೆ ಮಷೀನಿನ ಎಣ್ಣೆ ಒಂದೊಂದು ಹನಿ ಬಿಟ್ಟೆ, ಸರಿಹೋಯಿತು. ಮಿಕ್ಕ ವಿವರ ಎಲ್ಲ ಕಡೆ ಸಿಗುತ್ತದೆ.

ದಿನಾ ನಡೆಯುವುದು ಹೀಗೆ. ಸಂಜೆ ಡಿಕಾಕ್ಷನ್ ಇಳಿಯಲು ಬಿಟ್ಟು ಕೆಳಗೆ ಗ್ಯಾರೇಜಿಗೆ ಬರುತ್ತೇನೆ. ಪೆಟ್ಟಿಗೆಯ ಕೊಂಡಿಗಳನ್ನು ಬಿಚ್ಚುತ್ತೇನೆ. ಚಟ್, ಚಟ್. ಗಿಟಾರ್ ಹೊರಗೆ ತೆಗೆದು ಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸುತ್ತೇನೆ. ಸ್ವಿಚ್ ಹಾಕಿದ ಮೇಲೆ ಅರ್ಧ ನಿಮಿಷ ಏನೂ ಇಲ್ಲ. ಆಮೇಲೆ ವಾಲ್ವ್ ಒಳಗೆ ಕೆಂಡದಂಥ ಬೆಳಕು, ಧೂಳು ಸುಟ್ಟ ವಾಸನೆ. ನನಗೆ ಅದು ಅಜ್ಜಿ ಮನೆಯ ಹಳೆ ರೇಡಿಯೋ ವಾಸನೆ. ಅಷ್ಟರಲ್ಲಿ ಮೇಲೆ ಫಿಲ್ಟರ್ ಖಾಲಿಯಾಗಿರುತ್ತದೆ. ಕಾಫಿ ಬೆರೆಸಿಕೊಂಡು ಬರುವ ಹೊತ್ತಿಗೆ ಗುಂಯ್ ಶುರು.

ಮೊದಲ ವರ್ಷ ಇದು ಬರೀ ಗುಂಯ್ ಅಂದುಕೊಂಡಿದ್ದೆ. ಮೈಕ್ ಕೊಂಡ ದಿನ ಬೇರೆ ವಿಷಯ ಗೊತ್ತಾಯಿತು. ನಮ್ಮದು ಮೂರು ಜನರ ಬ್ಯಾಂಡ್. ಡ್ರಮ್ಸ್‌ಗೆ ಒಬ್ಬರು ಹಲ್ಲಿನ ಡಾಕ್ಟರ್, ಬೇಸ್‌ಗೆ ಪಕ್ಕದ ಮನೆಯವರು, ಗಿಟಾರ್ ಮತ್ತು ಕಿರುಚಾಟಕ್ಕೆ ನಾನು. ತಂತಿ ಹಿಡಿದುಕೊಂಡೇ ತುಟಿ ಮೈಕಿಗೆ ತಾಗಿಸಿದೆ. ಚೇಳು ಕುಟುಕಿದ ಹಾಗಾಯಿತು. ಮೈಕ್ ಹಾರಿ ಡ್ರಮ್ ಮೇಲೆ ಬಿತ್ತು. ಡಾಕ್ಟರು ಮೊದಲು ನನ್ನ ಹಲ್ಲು ನೋಡಿದರು.

ಕಾರಣ ಸರಳ, ಭಯ ಹುಟ್ಟಿಸುವಷ್ಟು ಸರಳ. ಈ ಆಂಪಿನಲ್ಲಿ ಪವರ್ ಟ್ರಾನ್ಸ್‌ಫಾರ್ಮರ್ ಇಲ್ಲ. ಅದಕ್ಕೇ ಇಷ್ಟು ಅಗ್ಗ, ಇಷ್ಟು ಹಗುರ. ವಾಲ್ವ್‌ಗಳ ಫಿಲಮೆಂಟ್‌ಗಳನ್ನು ದೀಪಾವಳಿ ಸೀರಿಯಲ್ ಸೆಟ್ಟಿನ ಹಾಗೆ ಒಂದರ ಬಾಲಕ್ಕೊಂದು ಕಟ್ಟಿ, 120 ವೋಲ್ಟನ್ನು ಅವುಗಳಿಗೇ ಹಂಚಿದ್ದಾರೆ. ಒಂದು ಕೆಟ್ಟರೆ ಎಲ್ಲಾ ಕತ್ತಲೆ. ಗೋಡೆಯ ಕರೆಂಟಿಗೂ ನಿಮ್ಮ ಬೆರಳಿಗೂ ನಡುವೆ ಸರಿಯಾದ ಬೇಲಿಯೇ ಇಲ್ಲ. ಹಳೆಯ ಎರಡು ಪಿನ್ನಿನ ಪ್ಲಗ್ ಯಾವ ಕಡೆಯಿಂದ ಬೇಕಾದರೂ ಹೋಗುತ್ತದೆ. ಒಂದು ಕಡೆ ಹಾಕಿದರೆ ಬಚಾವ್, ತಿರುಗಿಸಿ ಹಾಕಿದರೆ ಚೇಳು. ಇಂಥ ಆಂಪಿಗೆ ಇಲ್ಲಿನವರು ಇಟ್ಟ ಅಡ್ಡಹೆಸರಿನ ಅರ್ಥ ‘ಹೆಂಡತಿಯನ್ನು ವಿಧವೆ ಮಾಡುವುದು’. ನಮ್ಮ ಮನೆಯವರಿಗೆ ಅದನ್ನು ಹೇಳಿದೆ. ‘ನಿನ್ನ ವಿಷಯದಲ್ಲಿ ಅದು ತಪ್ಪು ಹೆಸರು’ ಅಂದರು.

ಒಂದು ರಿಪೇರಿ ಅಂಗಡಿಗೆ ಒಯ್ದೆ. 80 ಡಾಲರ್ ತೆಗೆದುಕೊಂಡು ಪ್ಲಗ್ ಬದಲಿಸಿ, ‘ಈಗ ಸೇಫ್’ ಅಂದರು. ಮನೆಗೆ ಬಂದು ಮೀಟರ್ ಇಟ್ಟು ನೋಡಿದರೆ ಕತೆ ಹಾಗೇ ಇತ್ತು. ಎರಡನೇ ಕಡೆ ಒಬ್ಬ ಮುದುಕರು ಸಿಕ್ಕಿದರು. ಟಿವಿ ರಿಪೇರಿ ಮಾಡಿಕೊಂಡಿದ್ದವರು. ‘ಐಸೋಲೇಷನ್ ಟ್ರಾನ್ಸ್‌ಫಾರ್ಮರ್ ಹಾಕುವ ತನಕ ಇದನ್ನು ಮುಟ್ಟಬೇಡ’ ಅಂದರು. ಆ ಬೇಲಿಯನ್ನು ಅವರೇ ಹಾಕಿಕೊಟ್ಟರು. ಒಣಗಿದ ಕೆಪ್ಯಾಸಿಟರ್‌ಗಳನ್ನೂ ಬದಲಿಸಿದರು. ಇದನ್ನು ಕೊಳ್ಳುವವರಿಗೆ ನನ್ನ ಮಾತು ಇಷ್ಟೇ: ಆ ಖರ್ಚನ್ನು ಗಿಟಾರಿನ ಬೆಲೆಗೇ ಸೇರಿಸಿಕೊಳ್ಳಿ. ಆಗದಿದ್ದರೆ ಗೋಡೆಗೆ ನೇತು ಹಾಕಿ, ಪ್ಲಗ್ ಹಾಕಬೇಡಿ.

ಶಾಕ್ ಹೋಯಿತು. ಗುಂಯ್ ಅರ್ಧ ಹೋಯಿತು, ಅರ್ಧ ಉಳಿಯಿತು. ಮುದುಕರು ಕೈ ಆಡಿಸಿಬಿಟ್ಟರು. ಈ ಆಂಪ್ ಕರೆಂಟಿನ ಅಲೆಯಲ್ಲಿ ಅರ್ಧ ಭಾಗ ಮಾತ್ರ ಬಳಸುತ್ತದೆ, ಸೆಕೆಂಡಿಗೆ 60 ಸಲ (60 ಹರ್ಟ್ಸ್) ಖಾಲಿ ಜಾಗ ಬೀಳುತ್ತದೆ, ಅದೇ ಕೇಳಿಸುವುದು ಅಂದರು. ಆಗ ನನಗೆ ತುಂಬಾ ಬೇಜಾರಾಗಿತ್ತು. ಮಾರಿಬಿಡೋಣ ಅಂತ ಫೋಟೋ ಕೂಡ ತೆಗೆದಿದ್ದೆ.

ಆ ಬೇಸಿಗೆಯಲ್ಲಿ ಅಮ್ಮ ಬಂದರು. ಹಳೆ ಕಾಲದ ಸಂಗೀತ ಜೂನಿಯರ್ ಪಾಸು. ಗ್ಯಾರೇಜಿಗೆ ಇಳಿದು ಬಂದು ಪೆಟ್ಟಿಗೆ ನೋಡಿ, ‘ಇದೇನೇ, ಶ್ರುತಿ ಪೆಟ್ಟಿಗೆನಾ?’ ಅಂದರು. ನಾನು ನಕ್ಕೆ. ಅವರು ನಗಲಿಲ್ಲ. ಸ್ವಲ್ಪ ಹೊತ್ತು ಕಿವಿ ಕೊಟ್ಟು ಕೇಳಿದರು. ‘ಆರೂವರೆ ಮನೆಗೂ ಹೊಂದಲ್ಲ, ಏಳು ಮನೆಗೂ ಹೊಂದಲ್ಲ. ಮಧ್ಯ ಎಲ್ಲೋ ಇದೆ’ ಅಂದರು.

ಫೋನಿನ ಟ್ಯೂನರ್ ತೆಗೆದು ನೋಡಿದೆ. ಅಮ್ಮ ಸರಿ. 60 ಹರ್ಟ್ಸ್ ಬೀಳುವುದು ಎ ಶಾರ್ಪ್ (ಅಮ್ಮನ ಶ್ರುತಿ ಲೆಕ್ಕದ ಆರೂವರೆ ಮನೆ) ಮತ್ತು ಬಿ (ಏಳು ಮನೆ) ನಡುವೆ, ಹೆಚ್ಚುಕಡಿಮೆ ನಟ್ಟನಡುವೆ. ಅಂದರೆ ಗಿಟಾರಿನ ಬಿ ತಂತಿ 247 ಹರ್ಟ್ಸ್‌ನಲ್ಲಿ ಇರಬೇಕಾದದ್ದನ್ನು 240ಕ್ಕೆ ಇಳಿಸಿದರೆ, ಅದು ಗುಂಯ್‌ಗೆ ಸರಿಯಾಗಿ ನಾಲ್ಕು ಪಟ್ಟು. ಎರಡು ಸ್ಥಾಯಿ ಮೇಲಿನ ಅದೇ ಸ್ವರ! ಉಳಿದ ತಂತಿಗಳನ್ನೂ ಅಷ್ಟಷ್ಟೇ ಇಳಿಸಿದೆ. ಒಂದು ಸಲ ಮೀಟಿದೆ. ಇಷ್ಟು ವರ್ಷ ಎದುರಾಳಿಯಾಗಿದ್ದ ಸದ್ದು ಪಕ್ಕವಾದ್ಯವಾಗಿ ಕೂತಿತು. ಬೇಸ್‌ನವರೂ ಇಳಿಸಿಕೊಂಡರು. ಕೀಬೋರ್ಡ್ ನುಡಿಸುತ್ತೇನೆ ಅಂತ ಬಂದ ಒಬ್ಬರು ಎರಡು ವಾರ ಒದ್ದಾಡಿ ಬಿಟ್ಟು ಹೋದರು. ನಮಗೇನೂ ನಷ್ಟ ಆಗಲಿಲ್ಲ.

ನಾವು ನುಡಿಸುವುದಕ್ಕೆ ಇದು ಒಪ್ಪುತ್ತದೆ ಕೂಡ. ಅರವತ್ತರ ದಶಕದಲ್ಲಿ ಟಕೋಮಾದ ಸಾನಿಕ್ಸ್ ಥರದ ಗ್ಯಾರೇಜ್ ಬ್ಯಾಂಡ್‌ಗಳಿಗೆ ಒರಟು ಸದ್ದೇ ಬಂಡವಾಳ. ರಮೋನ್ಸ್ ಪಂಕ್ ಬ್ಯಾಂಡಿನ ಜಾನಿ ರಮೋನ್ 1974ರಲ್ಲಿ ನ್ಯೂಯಾರ್ಕಿನ ಮ್ಯಾನೀಸ್ ಅಂಗಡಿಯಲ್ಲಿ ಐವತ್ತು ಚಿಲ್ಲರೆ ಡಾಲರ್ ಕೊಟ್ಟು ಮೋಸ್‌ರೈಟ್ ಗಿಟಾರ್ ಕೊಂಡರು. ಆಗ ಕೈಗೆ ಎಟುಕಿದ್ದು ಅದು. ಇವತ್ತು ಅದೇ ಕಾಲದ ಮೋಸ್‌ರೈಟ್ ಕೇಳಿದರೆ ನನ್ನ ಎರಡು ತಿಂಗಳ ಮನೆ ಕಂತು ಹೇಳುತ್ತಾರೆ. ಬಡ ಹುಡುಗರು ಬಳಸಿದರು ಅಂತಲೇ ಅವರ ಗಿಟಾರ್ ದುಬಾರಿ ಆಗುವುದು ಎಂಥ ನ್ಯಾಯವೋ! 1448 ಇನ್ನೂ ಆ ಮಟ್ಟಕ್ಕೆ ಹೋಗಿಲ್ಲ. ಹಾರ್ಡ್‌ಬೋರ್ಡ್ ಅಂದ ತಕ್ಷಣ ಜನ ಮೂಗು ಮುರಿಯುತ್ತಾರಲ್ಲ, ಅದು ಒಳ್ಳೆಯದೇ.

ಆಂಪಿನ ಶಕ್ತಿ ಕಡಿಮೆ. ಡ್ರಮ್ಸ್ ಜೊತೆ ವಾಲ್ಯೂಮ್ ಮುಕ್ಕಾಲು ತಿರುಗಿಸಿದರೆ ಒಡೆದ ಸದ್ದು ಬರುತ್ತದೆ, ನನಗೆ ಬೇಕಾದದ್ದೇ ಅದು. ಶುಭ್ರ ಸದ್ದು ಜೋರಾಗಿ ಬೇಕು ಅನ್ನುವವರಿಗೆ ಇದು ಬೇಡ. ಚಳಿಗಾಲದಲ್ಲಿ ಗ್ಯಾರೇಜಿನ ಹೀಟರ್ ಹಾಕಿದರೆ ಗುಂಯ್ ಜೊತೆ ಕರ್‍ರ್ ಸೇರಿಕೊಳ್ಳುತ್ತದೆ. ಹಾಗಾಗಿ ಜನವರಿಯಲ್ಲಿ ಕೋಟು ಹಾಕಿಕೊಂಡು ನುಡಿಸುತ್ತೇವೆ.

ಹೋದ ಡಿಸೆಂಬರ್ ಇದನ್ನು ಹಾಸನಕ್ಕೆ ಒಯ್ದೆ. ವಾಲ್ವ್‌ಗಳನ್ನು ಬಿಚ್ಚಿ ಕಾಲುಚೀಲದಲ್ಲಿ ಸುತ್ತಿ ಕೈಚೀಲದಲ್ಲಿಟ್ಟೆ. ನಮ್ಮ 230 ವೋಲ್ಟಿಗೆ ನೇರ ಚುಚ್ಚಿದರೆ ಸೀರಿಯಲ್ ಸೆಟ್ ಪೂರ್ತಿ ಸುಟ್ಟು ಹೋಗುತ್ತದೆ. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ವೋಲ್ಟೇಜ್ ಇಳಿಸುವ ಸ್ಟೆಪ್ ಡೌನ್ ಟ್ರಾನ್ಸ್‌ಫಾರ್ಮರ್ ಕೇಳಿದೆ. ಅಲ್ಲೊಂದು ಸೂಕ್ಷ್ಮ ಇದೆ. ಅಗ್ಗಕ್ಕೆ ಸಿಗುವ ಎಷ್ಟೋ ಸ್ಟೆಪ್ ಡೌನ್‌ಗಳು ಆಟೋ ಟ್ರಾನ್ಸ್‌ಫಾರ್ಮರ್. ವೋಲ್ಟೇಜ್ ಇಳಿಸುತ್ತವೆ, ಬೇಲಿ ಹಾಕುವುದಿಲ್ಲ. ‘ಆಟೋ ಬೇಡ, ಐಸೋಲೇಷನ್ ಬೇಕು’ ಅಂದೆ. ‘ಆಟೋ ಬೇಕಂದ್ರೂ ರೋಡಲ್ಲಿ ಸಿಗಲ್ಲ ಮೇಡಂ ಈ ಟೈಮಲ್ಲಿ’ ಅಂದ ಅಂಗಡಿ ಹುಡುಗ. ಎರಡು ದಿನದಲ್ಲಿ ಸುತ್ತಿಸಿ ಕೊಟ್ಟ.

ಮನೆಯಲ್ಲಿ ಹಜಾರದ ಮೂಲೆಯಲ್ಲಿ ಪೆಟ್ಟಿಗೆ ನಿಲ್ಲಿಸಿದೆ. ಅಮ್ಮ ಮೊರದ ತುಂಬಾ ಅವರೆಕಾಯಿ ಹಾಕಿಕೊಂಡು ಸುಲಿಯುತ್ತಾ ಕೂತಿದ್ದರು. ಅರ್ಧ ನಿಮಿಷ, ಕೆಂಡದ ಬೆಳಕು, ವಾಸನೆ. ಗುಂಯ್ ಶುರುವಾಯಿತು. ಅಮ್ಮನ ಕೈ ನಿಂತಿತು.

‘ಇಳಿದಿದೆಯಲ್ಲೇ.’

ನನಗೆ ಹೊಳೆದೇ ಇರಲಿಲ್ಲ. ಟ್ರಾನ್ಸ್‌ಫಾರ್ಮರ್ ವೋಲ್ಟೇಜ್ ಬದಲಿಸುತ್ತದೆ, ಅಲೆಯ ಲೆಕ್ಕವನ್ನಲ್ಲ. ಇಲ್ಲಿನ ಕರೆಂಟು 60 ಅಲ್ಲ, 50. ಜಿ ಸ್ವರಕ್ಕಿಂತ ಒಂದು ಕೂದಲು ಮೇಲೆ.

‘ಐದು ಮನೆ’ ಅಂದರು ಅಮ್ಮ. ‘ಸ್ವಲ್ಪ ಜಾಸ್ತಿ. ಪರವಾಗಿಲ್ಲ, ನನ್ನದು ಐದೇ.’ ಅವರೆಕಾಳು ಪಾತ್ರೆಗೆ ಹಾಕುತ್ತಾ ಮೆಲ್ಲಗೆ ಸ ಹಿಡಿದರು. ಪ ಹಿಡಿದರು. ನಾನು ಜಿ ತಂತಿಯನ್ನು 200ಕ್ಕೆ ಏರಿಸುತ್ತಾ ಕೂತೆ.

ಗಿಟಾರ್ ಈಗ ಎಡಿಸನ್‌ಗೆ ವಾಪಸ್ ಬಂದಿದೆ, ಮತ್ತೆ 240ಕ್ಕೆ ಇಳಿದಿದೆ. ಎಸ್.ಪಿ. ರೋಡಿನ ಟ್ರಾನ್ಸ್‌ಫಾರ್ಮರ್ ಹಾಸನದಲ್ಲೇ ಇದೆ, ಅಡುಗೆಮನೆಯಲ್ಲಿ, ಮಿಕ್ಸಿ ಪಕ್ಕ. ಅದನ್ನು ಯಾರಿಗೂ ಕೊಡಬೇಡಿ ಅಂತ ಹೇಳಿ ಬಂದಿದ್ದೇನೆ.